ಹಿಂದೂಪುರದ ಒಣಗದ ನೆಲ

ಕಟ್ಟಿ ಮುಗಿದ, ಇನ್ನೂ ಖಾಲಿಯಿದ್ದ ಹೆರಿಗೆ ವಾರ್ಡಿನ ಸಿಮೆಂಟು ನೆಲದ ಮೇಲೆ ನಾನು ಸಂಜೆ ಒಂದು ಚೌಕದ ಗಾಜನ್ನು ಅಂಟಿಸಿ ಹೋಗಿದ್ದೆ. ಬೆಳಗ್ಗೆ ಬಂದು ನೋಡಿದರೆ ಅದಕ್ಕೆ ಪೂಜೆಯಾಗಿತ್ತು. ಗಾಜಿನ ಅಂಚಿಗೆ ಮೆತ್ತಿದ್ದ ಪುಟ್ಟಿಯ ಮೇಲೆ ಅರಿಶಿನ, ಸುತ್ತಲಿನ ನೆಲದ ಮೇಲೆ ಕುಂಕುಮ. ನಾನು ಹಿಂದೂಪುರಕ್ಕೆ ಬಂದು ಆಗಿನ್ನೂ ಕೆಲವೇ ದಿನಗಳಾಗಿದ್ದವು. ನೆಲವನ್ನು ಪರೀಕ್ಷಿಸುವ ಗಾಜಿನಲ್ಲೂ ದೇವರನ್ನು ಕಾಣುವ ಜನರ ನಡುವೆ ಬಂದಿಳಿದೆನೆಂದು ನಾನು ಬೆರಗಾದೆ. ಆ ಬೆರಗನ್ನು ಇದೇ ಪತ್ರಿಕೆಯಲ್ಲಿ, ಮೈಸೂರಿನ ಓದುಗರಾದ ನಿಮಗಾಗಿ, ಬಣ್ಣ ಕಟ್ಟಿ ಬರೆದೆ. ನಿಮ್ಮಲ್ಲಿ ಹಲವರು ಮೆಚ್ಚಿ ಉತ್ತರಿಸಿದಿರಿ. ನಾನು ಬರೆದದ್ದು ನಿಜವಲ್ಲ. ಅದನ್ನು ತಿದ್ದುವುದಕ್ಕಾಗಿ ಈಗ ತಲೆ ತಗ್ಗಿಸಿ ಬರೆಯುತ್ತಿದ್ದೇನೆ.

ನನ್ನ ಉದ್ಯೋಗವನ್ನು ಮೊದಲು ಹೇಳಬೇಕು. ನಾನು ಸೇರಿದ ಬೆಂಗಳೂರಿನ ಕಂಪನಿ ಆಸ್ಪತ್ರೆ, ಶಾಲೆ, ಕಚೇರಿಗಳ ನೆಲಕ್ಕೆ ಲಿನೋಲಿಯಂ ಹಾಸುತ್ತದೆ. ಮೇಣ ಬಳಿದ ಬಟ್ಟೆಯಂತೆ ನುಣುಪಾದ, ಒರೆಸಿದರೆ ಶುಭ್ರವಾಗುವ ಹಾಸು ಅದು. ಅದನ್ನು ಅಂಟು ಬಳಿದು ಸಿಮೆಂಟಿಗೆ ಕೂರಿಸುತ್ತೇವೆ. ಸಿಮೆಂಟಿನ ಒಡಲಲ್ಲಿ ತೇವ ಉಳಿದಿದ್ದರೆ ಅಂಟು ಬಿಡುತ್ತದೆ, ಹಾಸಿನ ಅಂಚು ಏಳುತ್ತದೆ, ಸಂದಿಯಲ್ಲಿ ಕೊಳೆ ಸೇರುತ್ತದೆ. ಬಸುರಿ ಹೆಂಗಸೊಬ್ಬಳು ಎಡವಿ ಬೀಳಲು ಅಷ್ಟು ಸಾಕು. ಆದ್ದರಿಂದ ಕಂಪನಿಯ ನಿಯಮ ಕಟ್ಟುನಿಟ್ಟು. ಹೊಸ ಗಾರೆಗೆ ಮೊದಲು ನೀರುಣಿಸಿ ಗಟ್ಟಿ ಮಾಡಬೇಕು. ಆಮೇಲೆ ಒಂದು ಹನಿಯೂ ತಾಗದಂತೆ ಒಣಗಲು ಬಿಡಬೇಕು. ಒಣಗಿತೇ ಎಂದು ತಿಳಿಯಲು ಗಾಜನ್ನು ನೆಲಕ್ಕಿಟ್ಟು ಅಂಚನ್ನು ಗಾಳಿಯಾಡದಂತೆ ಮುಚ್ಚಬೇಕು. ಮರುದಿನ ಗಾಜಿನ ಒಳಮೈ ಮಂಜಾಗಿದ್ದರೆ ನೆಲ ಅನುತ್ತೀರ್ಣ. ಈ ಪರೀಕ್ಷೆ ನಡೆಸುವವನೇ ನಾನು.

ನೆಲ ಹಾಕಿದವನು ಮಾರೆಣ್ಣ. ಕುಂದುರ್ಪಿಯ ಕಡೆಯ ಹಳ್ಳಿಯೊಂದರ ಹೊರಗೇರಿಯವನು, ನನ್ನದೇ ವಯಸ್ಸು. ಕಂಪನಿ ಅವನನ್ನು ಮೇಸ್ತ್ರಿ ಮಾಡುವ ಯೋಚನೆಯಲ್ಲಿತ್ತು. ಮೇಸ್ತ್ರಿಯಾದರೆ ಕೂಲಿಗಳ ಸಾಲಿನಲ್ಲಿ ನಿಂತು ಕಾಯಬೇಕಿಲ್ಲ, ಹೆಸರು ಹಿಡಿದು ಕರೆಸಿಕೊಳ್ಳುತ್ತಾರೆ. ಅವನಿಗೆ ಬೇಕಾಗಿದ್ದದ್ದು ಅದೊಂದೇ. ಅಂದು ಬೆಳಗ್ಗೆ ನಾನು ಉತ್ಸಾಹದಿಂದ, "ನೋಡು ಮಾರೆಣ್ಣ, ನಮ್ಮ ಗಾಜಿಗೆ ಯಾರೋ ಪೂಜೆ ಮಾಡಿದ್ದಾರೆ!" ಎಂದೆ.

ಅವನು ನೆಲವನ್ನು ನೋಡಿದ, ನನ್ನ ಮುಖವನ್ನು ನೋಡಿದ. "ಪೂಜೆನಾ ಸಾ? ಆಗ್ಲಿ ಬುಡಿ. ನಮ್ ಕೆಲ್ಸದ ತಾವ್ಕೂ ದೇವ್ರು ಬಂದ ಅನ್ಕಳನ" ಎಂದು ನಕ್ಕ.

ಗಾಜಿನ ಒಳಮೈ ಮಾತ್ರ ಒದ್ದೆಯಾಗಿತ್ತು. ಮುಂದಿನ ವಾರವೂ ಹಾಗೆಯೇ, ಅದರ ಮುಂದಿನ ವಾರವೂ ಹಾಗೆಯೇ. "ಬಸ್ರಿ ಹೆಂಗಸ್ರು ಬರೋಕ್ ಮುಂಚೆ ಗಾಜೇ ಬೆವರ್ತಾ ಕೂತೈತಲ್ಲ ಸಾ" ಎಂದು ಮಾರೆಣ್ಣ ತಮಾಷೆ ಮಾಡುತ್ತಿದ್ದ. ಬೆಂಗಳೂರಿನಿಂದ ಬಂದ ಮ್ಯಾನೇಜರರಿಗೆ ತಮಾಷೆ ಕಾಣಲಿಲ್ಲ. "ಗಾರೆಗೆ ನೀರು ಜಾಸ್ತಿ ಕಲಸಿದ್ದಾನೆ. ಮೈಗಳ್ಳತನ. ಇವನು ಮೇಸ್ತ್ರಿಯಂತೆ! ಇನ್ನೊಂದು ಸಲ ಗಾಜು ಬೆವೆತರೆ ಕೆಲಸದಿಂದ ತೆಗೆದುಬಿಡಿ" ಎಂದು ನನಗೆ ಹೇಳಿ ಹೋದರು.

ಈ ನಡುವೆ ನಾನು ಊರಿಗೆ ಒಗ್ಗಿಕೊಳ್ಳುತ್ತಿದ್ದೆ. ಅಂಗಡಿಯ ಹಲಗೆಗಳ ಮೇಲೆ ತೆಲುಗು, ಅಂಗಡಿಯ ಒಳಗೆ ಕನ್ನಡ. ಸಂತೆಬೀದಿಯಲ್ಲಿ ನಡೆದರೆ ಬೆಲ್ಲ ಮತ್ತು ಹುಣಸೆಹಣ್ಣಿನ ವಾಸನೆ ಅಂಗಿಗೆ ಹತ್ತಿ ಮನೆಯವರೆಗೂ ಬರುತ್ತಿತ್ತು. ನಮ್ಮ ಕಡಲೆಪುರಿ ಇಲ್ಲಿ ಬೊರುಗುಲು. ನಮ್ಮ ಮುದ್ದೆ ಇಲ್ಲಿ ಸಂಗಟಿ. ಸಂಜೆಯಾದರೆ ಮೈಸೂರಿನ ಬೀದಿದೀಪಗಳು ನೆನಪಾಗುತ್ತಿದ್ದವು. ಬಾಡಿಗೆ ಮನೆ ಹುಡುಕುವಾಗ ಎಲ್ಲರೂ ಮೊದಲು ಕೇಳಿದ್ದು ಜಾತಿಯನ್ನು. ನಾನು ಓದಿದ ವಿದ್ಯಾರ್ಥಿನಿಲಯದಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು, ಜಾತಿ ಹೇಳುವುದಿಲ್ಲವೆಂದು ಪ್ರತಿಜ್ಞೆ ಮಾಡಿದ್ದೆವು. ಹಾಗಾಗಿ ಎಲ್ಲಿಯೂ ಹೇಳಲಿಲ್ಲ, ಎಲ್ಲಿಯೂ ಮನೆ ಸಿಗಲಿಲ್ಲ. ಕೊನೆಗೆ ನೇಕಾರರ ಬೀದಿಯಲ್ಲಿ ನಾಗಮ್ಮ ಎಂಬ ವಿಧವೆ ಏನೂ ಕೇಳದೆ ಒಂದು ಕೋಣೆ ಕೊಟ್ಟರು. ತತ್ವ ಗೆದ್ದಿತೆಂದು ನಾನು ಹಿಗ್ಗಿದೆ. ತಿಂಗಳ ಮೇಲೆ ಅವರೇ ಹೇಳಿದರು: "ಕೇಳೋದೇನೈತೆ ಕಣಪ್ಪ? ನೀನು ಬಾಯಿ ಬಿಟ್ಟೇಟ್ಗೆ ಮಾತಲ್ಲೇ ಗೊತ್ತಾಗೋಯ್ತು." ನಾನು ಮುಚ್ಚಿಟ್ಟಿದ್ದೆನೆಂದುಕೊಂಡ ಜಾತಿ ನನ್ನ ನಾಲಿಗೆಯ ಮೇಲೇ ಕುಳಿತು ನನಗೆ ಮನೆ ಕೊಡಿಸಿತ್ತು.

ನಾಗಮ್ಮನವರ ಮಗ ಮುಂದಿನ ಕೋಣೆಯಲ್ಲಿ ಮಗ್ಗ ನಡೆಸುತ್ತಿದ್ದ. ಹೆರಿಗೆ ವಾರ್ಡು ಕಟ್ಟಿಸಿದ ಧರ್ಮಸಂಸ್ಥೆಯವರು ಅಲ್ಲಿನ ಬೀಗದ ಕೈಯನ್ನೂ ಕಸ ಗುಡಿಸುವ ಕೆಲಸವನ್ನೂ ನಾಗಮ್ಮನವರಿಗೇ ವಹಿಸಿದ್ದರು. ನನ್ನನ್ನು ಮಗನಂತೆ ನೋಡಿಕೊಂಡರು. ಒಮ್ಮೆ ನಾನು ಜ್ವರ ಬಂದು ಮಲಗಿದೆ. ಎದ್ದ ದಿನ ಅವರು ನನ್ನನ್ನು ಹೊಸ್ತಿಲಲ್ಲಿ ನಿಲ್ಲಿಸಿ, "ಎವರ ದಿಷ್ಟಿ ತಗಿಲಿಂದೋ", ಎಂದರೆ ಯಾರ ಕಣ್ಣು ತಾಗಿತೋ, ಎನ್ನುತ್ತ ಹಿತ್ತಾಳೆ ತಟ್ಟೆಯಲ್ಲಿ ಅರಿಶಿನದ ನೀರು ಕಲಸಿದರು. ಎಲೆಯಡಿಕೆಯ ಡಬ್ಬಿಯಿಂದ ಚಿಟಿಕೆ ಸುಣ್ಣ ತೆಗೆದು ಅದಕ್ಕೆ ಹಾಕಿದರು. ಹಳದಿ ನೀರು ರಕ್ತದಂತೆ ಕೆಂಪಾಯಿತು.

ಇದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಕಾಲೇಜಿನಲ್ಲಿ ಕ್ಷಾರವನ್ನು ಗುರುತಿಸಲು ಅರಿಶಿನದ ಕಾಗದವನ್ನು ಸ್ವತಃ ಬಳಸಿದ್ದೇನೆ. ಆದರೂ ಅಂದೇ ಹೊಳೆದದ್ದು: ಹೊಸ ಸಿಮೆಂಟಿನಲ್ಲೂ ಸುಣ್ಣದ ಗುಣವಿದೆ. ಪುಟ್ಟಿಯ ಮೇಲೆ ಹಳದಿಯಾಗಿಯೇ ಉಳಿದು ನೆಲದ ಮೇಲೆ ಕೆಂಪಾದದ್ದು ಒಂದೇ ನೀರು. ಅಲ್ಲಿ ಕುಂಕುಮವಿರಲಿಲ್ಲ. ಪೂಜೆಯೂ ಇರಲಿಲ್ಲ.

"ನಾಗಮ್ಮನವರೇ, ವಾರ್ಡಿನ ನೆಲಕ್ಕೆ ಅರಿಶಿನದ ನೀರು ಹಾಕುವವರು ಯಾರು?"

"ಇನ್ಯಾರು, ನಾನೇ ಕಣಪ್ಪ. ಸಂಜೆ ಆ ಮಾರೆಣ್ಣ ಮನೆಗೆ ಹೋಯ್ತಾನಲ್ಲ, ಹೋದ್ಮ್ಯಾಲೆ ಬಿಂದಿಗೆಗಟ್ಲೆ ಹೊಯ್ದು ಬತ್ತೀನಿ. ಸಂಸ್ಥೆಯೋರೇ ಹೇಳವ್ರೆ, ಮೈಲ ಹೋಗ್ಬ್ಯಾಡ್ವಾ? ನಾಳೆ ನಮ್ಮನೆ ಹೆಣ್ಮಕ್ಳು ಅಲ್ಲೇ ಅಲ್ವಾ ಬಾಣಂತಿ ಆಗೋದು." ಮೈಲ ಎಂದರೆ ನಮ್ಮ ಮೈಲಿಗೆಯೇ. ಆಮೇಲೆ, ನನಗೆ ಸಮಾಧಾನವಾಗಲೆಂದು, "ನಿನ್ನ ಗಾಜಿನ ಮ್ಯಾಲೆ ಹೊಯ್ಯಾಕಿಲ್ಲ ಕಣಪ್ಪ, ಸುತ್ತಾನೇ ಹೊಯ್ತೀನಿ. ಒಡೆದ್ಗಿಡೆದೀತು" ಎಂದರು. ಮಾತನಾಡುತ್ತಲೇ ತಟ್ಟೆಯನ್ನು ನನ್ನ ಮುಖದ ಸುತ್ತ ನಿವಾಳಿಸಿ, ಕೆಂಪು ನೀರಿನಲ್ಲಿ ಬೆರಳದ್ದಿ ನನ್ನ ಹಣೆಗೆ ಇಟ್ಟರು.

ನಾನು ಹಣೆಯನ್ನು ಒರೆಸಿಕೊಳ್ಳದೆಯೇ ಮಾರೆಣ್ಣನಲ್ಲಿಗೆ ಹೋದೆ. ಅವನಿಗೆ ಮೊದಲ ದಿನದಿಂದಲೇ ಗೊತ್ತಿತ್ತು. "ನಿನ್ನ ಕೆಲಸವೇ ಹೋಗುವುದರಲ್ಲಿತ್ತು. ನನಗೇಕೆ ಹೇಳಲಿಲ್ಲ?" ಎಂದೆ.

"ಹೆಂಗೇಳನ ಸಾ? ಪೂಜೆ ಪೂಜೆ ಅಂತ ಅಷ್ಟು ಖುಸಿಯಾಗಿದ್ರಿ."

ಓದುಗರೇ, ಒಂದೊಂದನ್ನೂ ಅದರದರ ಹೆಸರಿನಿಂದಲೇ ಕರೆಯೋಣ. ಒಬ್ಬ ಮನುಷ್ಯ ಮೊಣಕಾಲೂರಿ ಮಟ್ಟಸ ಮಾಡಿದ ನೆಲವನ್ನು ಅವನ ಬೆನ್ನ ಹಿಂದೆ ತೊಳೆಯುವುದು ಅಸ್ಪೃಶ್ಯತೆ, ಕಾನೂನಿನಲ್ಲಿ ಅಪರಾಧ. ಹಾಗೆ ತೊಳೆದ ನೀರಿನಿಂದಲೇ ನೆಲ ಒದ್ದೆಯಾದಾಗ ಆ ತಪ್ಪನ್ನು ಅವನ ತಲೆಗೆ ಕಟ್ಟುವುದು ಅನ್ಯಾಯ. ವಿಧವೆಯೊಬ್ಬರ ಕೈಯಿಂದ ಈ ಕೆಲಸ ಮಾಡಿಸಿ ತಾವು ಶುದ್ಧರಾಗಿ ಉಳಿಯುವುದು ಹೇಡಿತನ. ಇದೆಲ್ಲವನ್ನೂ ನೋಡಿ ಮುಗ್ಧ ಭಕ್ತಿಯೆಂದು ಲೇಖನ ಬರೆಯುವುದಕ್ಕೆ ಏನನ್ನಬೇಕೋ, ಅದನ್ನು ನೀವೇ ಹೇಳಿ.

ಧರ್ಮಸಂಸ್ಥೆಯ ಅಧ್ಯಕ್ಷರು ಬಟ್ಟೆ ವ್ಯಾಪಾರಿಗಳು. ನಾನು ಅವರಲ್ಲಿಗೆ ಹೋದಾಗ ಕಾಫಿ ತರಿಸಿದರು. ನಾನು ದೂರು ಕೊಡುವುದಾಗಿ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ತಾವು ಓದಿದೋರು, ತಮ್ಮ ಮಾತು ಮೀರಾಕಾಯ್ತದಾ? ಇವತ್ತಿಂದ್ಲೇ ನೀರು ನಿಲ್ಲಿಸ್ತೀವಿ. ಆ ಮನುಷ್ಯನ್ನ ಮಾತ್ರ ಇನ್ನು ಒಳಗೆ ಬಿಡ್ಬ್ಯಾಡಿ. ಅವನೇ ಬರದಿದ್ಮ್ಯಾಲೆ ನೀರಿನ ಕೆಲ್ಸ ಏನೈತೆ, ನೀವೇ ಹೇಳಿ ಸಾರ್?"

ಮ್ಯಾನೇಜರರು ಆ ಷರತ್ತಿಗೆ ಒಪ್ಪಿದರು. ಮಾರೆಣ್ಣನನ್ನು ಹೊರಗೆ ಕಲ್ಲು ಹೊರಲು ಹಾಕಿದರು. ನೆಲ ಒಣಗಿತು. ಗಾಜು ತಿಳಿಯಾಯಿತು. ಊರೆಲ್ಲ ಒಂದೇ ಮಾತು: ಆ ಮಾರೆಣ್ಣ ಹೋದ, ನೆಲ ಒಣಗಿತು. ನಾನು ಹೂಡಿದ ಹೋರಾಟದ ಫಲವಾಗಿ ನನ್ನ ಪರೀಕ್ಷೆಯೇ ಅವನ ವಿರುದ್ಧ ಸಾಕ್ಷಿ ಹೇಳಿತು. ನಡೆದದ್ದನ್ನು ವಿವರಿಸಿದಾಗ ಮ್ಯಾನೇಜರರು, "ನೆಲದಲ್ಲಿ ತೇವ ಇದೆಯೇ ಅಂತ ಕೇಳುತ್ತೆ ನಮ್ಮ ನಿಯಮ. ಯಾರು ಹಾಕಿದ್ರು, ಯಾಕೆ ಹಾಕಿದ್ರು ಅಂತ ಕೇಳಲ್ಲ" ಎಂದರು. ಅಂಥ ನಿಯಮದ ಅಧಿಕಾರಿ ನಾನು.

ಕಲ್ಯಾಣದುರ್ಗದ ಶಾಲೆಯೊಂದರ ಪ್ರಯೋಗಶಾಲೆಯ ಕೆಲಸ ಬಂದಾಗ, ಮಾರೆಣ್ಣನೇ ನೆಲ ಹಾಕಬೇಕೆಂದು ಪಟ್ಟು ಹಿಡಿದೆ. ಗಾಜು ಬೆವೆತರೆ ಇಬ್ಬರೂ ಮನೆಗೆ ಹೋಗಬೇಕು ಎಂದರು ಮ್ಯಾನೇಜರರು. ಒಪ್ಪಿದೆ. ಅಲ್ಲಿ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಇಬ್ಬರೂ ಶಾಲೆಯ ಜಗಲಿಯಲ್ಲೇ ಬಿಡಾರ ಮಾಡಿದೆವು. ಹೋಟೆಲಿನಲ್ಲಿ ಮಾರೆಣ್ಣನಿಗೆ ಹೊರಗೆ ಬೇರೆ ಲೋಟ ಇಟ್ಟಿದ್ದರು. ಅದೂ ತಪ್ಪೇ, ಅದನ್ನೂ ಬರೆದಿಡುತ್ತೇನೆ. ನಾವು ಬೊರುಗುಲು, ಕಡಲೆಕಾಯಿ ಕೊಂಡು ಶಾಲೆಯ ಮೆಟ್ಟಿಲ ಮೇಲೆ ತಿನ್ನುತ್ತಿದ್ದೆವು. ಮುಖ್ಯೋಪಾಧ್ಯಾಯರು ದಿನವೂ ಕಿಟಕಿಯಿಂದ ಇಣುಕಿ "ಇಂಕಾ ಆರಲೇದಾ?", ಇನ್ನೂ ಒಣಗಲಿಲ್ಲವೇ, ಎಂದು ಕೇಳುತ್ತಿದ್ದರು. ಕಡೆಗೆ ಗಾಜಿಟ್ಟ ಮರುದಿನ ಮಾರೆಣ್ಣ ಬೋರಲು ಮಲಗಿ ಕಣ್ಣು ಕಿರಿದು ಮಾಡಿ ನೋಡಿದ.

"ಸಾ! ಗಾಜು ಐತೋ ಇಲ್ವೋ ಗೊತ್ತಾಯ್ತಾ ಇಲ್ಲ ಸಾ!"

ಅವನು ಮೇಸ್ತ್ರಿಯಾದ. ಈ ಊರುಗಳಲ್ಲಿ ನನಗೆ ಸಿಕ್ಕ ಗೆಲುವು ಅದೊಂದೇ. ಆ ಗೆಲುವಿನ ಸಂಭ್ರಮದಲ್ಲೇ ಅವನನ್ನು ಮೈಸೂರಿಗೆ ಕರೆತಂದೆ. ನಮ್ಮ ಮನೆಯ ನಡುಮನೆಯ ನೆಲ ಒಡೆದಿತ್ತು. ಮಾರೆಣ್ಣ ಮೇಸ್ತ್ರಿಯನ್ನು ಹೆಸರು ಹಿಡಿದು ಕರೆಸಿಕೊಂಡ ಮೊದಲ ಮನೆ ನಮ್ಮದಾಗಲಿ ಎಂದು ನನ್ನ ಆಸೆ. ನಮ್ಮ ಕಡೆ ಅಂಥದ್ದೆಲ್ಲ ಇಲ್ಲವೆಂದು ದಾರಿಯುದ್ದಕ್ಕೂ ಅವನಿಗೆ ಹೇಳಿದೆ. ಅಮ್ಮ ನಗುತ್ತ ಬರಮಾಡಿಕೊಂಡರು. ಜಗಲಿಯಲ್ಲಿ ಎಲೆ ಹಾಕಿ, ಕೇಳಿ ಕೇಳಿ ಬಡಿಸಿದರು. ಸಂಜೆಗೆ ನೆಲ ಕನ್ನಡಿಯಂತಾಯಿತು. "ಎಂಥ ಕೈ ಅಪ್ಪ ನಿಂದು!" ಎಂದರು.

ಬೆಳಗ್ಗೆ ಗೋಣಿತಾಟು ಹೊದಿಸಿ ನೀರುಣಿಸಲೆಂದು ಇಬ್ಬರೂ ಒಳಗೆ ಹೋದೆವು. ಮರದ ಹೊಸ್ತಿಲ ಮೇಲೆ ಹಳದಿ. ಹೊಸ ಸಿಮೆಂಟಿನ ಮೇಲೆ ಕೆಂಪು.

ಮಾರೆಣ್ಣ ಬಹಳ ಮೆತ್ತಗೆ, ಅಡುಗೆಮನೆಗೆ ಕೇಳಿಸದಂತೆ ಹೇಳಿದ: "ಇಲ್ಲೂ ಪೂಜೆ ಆಗೈತೆ ಸಾ."

ಅಮ್ಮನಿಗೆ ನಾನೇಕೆ ಕೂಗಾಡಿದೆನೆಂದು ಅರ್ಥವೇ ಆಗಲಿಲ್ಲ. "ಹೊಸ ನೆಲ ಅಲ್ವೇನೋ, ಶುದ್ಧಿ ಮಾಡಿದೆ. ಅವನ ಎದುರಿಗೆ ಒಂದು ಮಾತು ಅಂದ್ನೇನೋ ನಾನು?" ಎಂದು ಕಣ್ಣೊರೆಸಿಕೊಂಡರು. ಮಾರೆಣ್ಣ ಗೋಣಿತಾಟು ಹಾಸಿ, ನೀರು ಚಿಮುಕಿಸಿ, ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿಯೇ ಹೊರಟ.

ಹಿಂದೂಪುರದಲ್ಲಿ ರೈಲಿಳಿದಾಗ ಬೆಲ್ಲದ ವಾಸನೆ ಮೂಗಿಗೆ ಬಡಿದು, ಮನೆಗೆ ಬಂದೆ ಎಂದು ಮನಸ್ಸು ತನ್ನಷ್ಟಕ್ಕೆ ಅಂದುಕೊಂಡಿತು. ಮೈಸೂರಿನಲ್ಲಿ ಹಾಗೆ ಅಂದುಕೊಂಡಿರಲಿಲ್ಲ. ನೇಕಾರರ ಬೀದಿಯ ತುದಿಯವರೆಗೂ ಮಾರೆಣ್ಣ ಜೊತೆಗೇ ನಡೆದ. ನಾಗಮ್ಮ ಬಾಗಿಲಲ್ಲೇ ನಿಂತಿದ್ದರು.

"ಬಂದ್ಬುಟ್ಯಾ ಕಣಪ್ಪ! ಮನೆಯೆಲ್ಲ ಬಿಕೋ ಅಂತಿತ್ತು. ಬಾ, ಸಂಗಟಿ ಬಿಸಿಯಾಗೈತೆ."

"ಹೋಗಿ ಸಾ, ಉಣ್ಣೋಗಿ. ನಾನು ಬತ್ತೀನಿ" ಎಂದು ಮಾರೆಣ್ಣ ತನ್ನ ಗಂಟನ್ನು ಹೆಗಲಿಗೇರಿಸಿ, ಊರಾಚೆಯ ದಾರಿ ಹಿಡಿದ. ಅವನ ಜೊತೆ ಹೋಗಬಹುದಿತ್ತು. ಅವನನ್ನು ಒಳಕ್ಕೆ ಕರೆಯಬಹುದಿತ್ತು. ಹೊಸ್ತಿಲಲ್ಲಿ ನಿಂತು ನೋಡುತ್ತಲೇ ಇದ್ದೆ. ಅವನು ತಿರುವಿನಲ್ಲಿ ಮರೆಯಾದ ಮೇಲೆ ಕಾಲು ತೊಳೆದು ಒಳಗೆ ಹೋದೆ.