ಮೂರು ಕೋಟ್ ವಾರ್ನಿಷ್

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ರಸ್ತೆಯಲ್ಲಿದ್ದ ಫೋಟೋ ಸ್ಟುಡಿಯೋದವರ ಬಗ್ಗೆ ನಮ್ಮೂರಿನಲ್ಲಿ ಈಗಲೂ ಒಂದೇ ಕಥೆ ಹೇಳುತ್ತಾರೆ. ನೀರಿನಂಥ ಇಂಕು ಹಾಕಿ ಸತ್ತವನ ಪಟ ಮಾಡಿಕೊಟ್ಟರು, ಎಂಟೇ ತಿಂಗಳಿಗೆ ಮುಖ ಅಳಿಸಿಹೋಯಿತು, ಹೆತ್ತವಳು ಮಣ್ಣು ತೂರಿ ಶಾಪ ಹಾಕಿದಳು, ವರ್ಷ ತುಂಬುವುದರೊಳಗೆ ಅಂಗಡಿಗೆ ಬಾಗಿಲು ಬಿತ್ತು. ಕೇಳಲು ಚೆನ್ನಾಗಿದೆ. ತಪ್ಪಿದೆ, ತಪ್ಪಿಗೆ ತಕ್ಕ ಶಿಕ್ಷೆಯೂ ಇದೆ. ಆದರೆ ಇಷ್ಟು ಸಲೀಸಾಗಿ ಕೂಡಿಕೊಳ್ಳುವ ಕಥೆ ಕೇಳಿದರೆ ನನಗೆ ಅನುಮಾನ. ಅದರಲ್ಲಿ ಯಾರು ಬಿಟ್ಟುಹೋಗಿದ್ದಾರೆ ಎಂದು ಮೊದಲು ಹುಡುಕಬೇಕು ಎನ್ನುವುದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಪಾಠ. ಈ ಕಥೆಯಲ್ಲಿ ಬಿಟ್ಟುಹೋಗಿರುವವನು ನಾನು.

ಇದೆಲ್ಲ ಮತ್ತೆ ತಲೆಗೆ ಹತ್ತಿದ್ದು ಒಂದು ವಾಸನೆಯಿಂದ. ಹೋದ ತಿಂಗಳು ಚನ್ನಪಟ್ಟಣದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಬೆನ್ನ ಹಿಂದೆ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಒಳಗೆ ಒಬ್ಬರು ದೊಡ್ಡ ಕ್ಯಾನ್ವಾಸ್ ಫೋಟೋ ಒಂದನ್ನು ಮೇಜಿನ ಮೇಲೆ ಮಲಗಿಸಿ, ಸ್ಪಂಜಿನ ರೋಲರ್ ಹಿಡಿದು ವಾರ್ನಿಷ್ ಹಚ್ಚುತ್ತಿದ್ದರು. ಉದ್ದಕ್ಕೆ ಒಂದು ಸಲ ಎಳೆದು, ರೋಲರ್ ಕೆಳಗಿಟ್ಟು, ಬಗ್ಗಿ ಬೆಳಕಿಗೆ ನೋಡಿದರು. ಆ ವಾಸನೆ, ಆ ಬಗ್ಗಿ ನೋಡುವ ರೀತಿ... ಎರಡು ಬಸ್ಸು ಬಂದು ಹೋದವು. ನಾನು ಹತ್ತಲಿಲ್ಲ.

ನಮ್ಮ ದೊಡ್ಡಮ್ಮನ ಮಗ ಬಿಡದಿಯ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೆಲಸಕ್ಕಿದ್ದ. ಮಾಗಡಿ ಕಡೆಯ ನಮ್ಮ ಹಳ್ಳಿಗಳಿಂದ ಆಗ ಮನೆಗೊಬ್ಬರಂತೆ ಹಾಗೆ ಹೋಗುತ್ತಿದ್ದರು. ಬೆಳಿಗ್ಗೆ ರೇಷ್ಮೆಹುಳಕ್ಕೆ ಸೊಪ್ಪು ಹಾಕುವುದು, ಮಧ್ಯಾಹ್ನ ನೀಲಿ ಅಂಗಿ ತೊಟ್ಟು ಬೈಕ್ ಹತ್ತುವುದು. ಒಂದು ಮಳೆಗಾಲದ ಮಧ್ಯಾಹ್ನ ಹಾಗೆ ಪಾಳಿಗೆ ಹೊರಟವನು ಲಾರಿಗೆ ಸಿಕ್ಕಿ ತೀರಿಕೊಂಡ. ಮದುವೆಯಾಗಿರಲಿಲ್ಲ, ಹಾಗಾಗಿ ಮದುವೆಯ ಆಲ್ಬಮ್ಮೂ ಇರಲಿಲ್ಲ. ಅವನ ಮುಖ ನೆಟ್ಟಗೆ ಕಾಣುವ ಫೋಟೋ ಎಂದರೆ ಗೇಟ್ ಪಾಸಿನಲ್ಲಿದ್ದ ಸ್ಟಾಂಪ್ ಸೈಜಿನದು ಒಂದೇ. ಆ ಪಾಸನ್ನೂ ಕಾಂಟ್ರಾಕ್ಟರಿಗೆ ವಾಪಸ್ ಕೊಡಬೇಕಿತ್ತು. ಕೊಡುವ ಮೊದಲು ಅದನ್ನು ಹಿಡಿದುಕೊಂಡು ನಾನು ಸ್ಟುಡಿಯೋಗೆ ಹೋದೆ.

ಸ್ಟುಡಿಯೋದವರಿಗೆ ಆಗಲೇ ಐವತ್ತು ದಾಟಿತ್ತು. ಚಿಕ್ಕ ವಯಸ್ಸಿನಲ್ಲಿ ಚನ್ನಪಟ್ಟಣದಲ್ಲಿ ಮರದ ಗೊಂಬೆಗಳಿಗೆ ಬಣ್ಣದ ಅರಗು ಹಿಡಿಯುವ ಕೆಲಸ ಮಾಡಿದವರು. ಆಮೇಲೆ ಕ್ಯಾಮೆರಾ, ಡಾರ್ಕ್‌ರೂಮು. ಕೊನೆಗೆ ಎಲ್ಲ ಕಡೆ ಫ್ಲೆಕ್ಸ್ ಏಳುತ್ತಿದ್ದ ಕಾಲದಲ್ಲಿ, ಆ ರಸ್ತೆಯಲ್ಲಿ ಯಾರ ಬಳಿಯೂ ಇಲ್ಲದ ದೊಡ್ಡ ಇಂಕ್‌ಜೆಟ್ ಮಿಷನ್ ತಂದು ಕ್ಯಾನ್ವಾಸ್ ಬಟ್ಟೆಯ ಮೇಲೆ ಫೋಟೋ ಮಾಡಿಕೊಡಲು ಶುರು ಮಾಡಿದ್ದರು. ಪಾಸನ್ನು ಕಂಪ್ಯೂಟರಿಗೆ ಏರಿಸಿ, ಅಣ್ಣನ ಭುಜದ ಮೇಲೆ ಬಿದ್ದಿದ್ದ ಕಾರ್ಖಾನೆಯ ಸೀಲನ್ನು ಚೂರುಚೂರಾಗಿ ಅಳಿಸುತ್ತಾ ಕೇಳಿದ್ದರು:

“ಹುಬ್ಬಿನ ಮೇಲೆ ಒಂದು ಗೀರು ಐತಲ್ಲಪ್ಪ, ಇದು ಕಾರ್ಡಿಂದಾ, ಅವನದಾ?”

“ಅವನದೇ. ಗೋಲಿ ಆಡುವಾಗ ಬಿದ್ದಿದ್ದ.”

“ಹಂಗಾದ್ರೆ ಅದನ್ನ ಮುಟ್ಟಾಕಿಲ್ಲ, ಬುಡು.”

ತಿಥಿಯ ಹಿಂದಿನ ದಿನ ಹೋದಾಗ, ಬೇರೆ ಪಟಗಳ ವಾರ್ನಿಷ್ ವಾಸನೆ ತುಂಬಿದ್ದ ಅಂಗಡಿಯಲ್ಲಿ ನಮ್ಮ ಪಟ ಸಿದ್ಧವಾಗಿ ಗೋಡೆಗೆ ಒರಗಿತ್ತು. ನಗಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಮುಖದಲ್ಲಿ ಅಣ್ಣ ನನ್ನನ್ನೇ ನೋಡುತ್ತಿದ್ದ. ಎತ್ತಿಕೊಳ್ಳಲು ಹೋದರೆ ಅವರು ಅಡ್ಡ ಬಂದರು.

“ಇವತ್ತು ಕೊಡಕ್ಕಾಗಕಿಲ್ಲ ಕಣಪ್ಪ. ಇಂಕು ಇನ್ನೂ ಹಸಿ. ಪೂರ್ತಿ ಒಂದಿನ ಆರಬೇಕು. ಆಮೇಲೆ ಮೂರು ಕೋಟ್ ವಾರ್ನಿಷ್. ಉದ್ದಕ್ಕೊಂದು, ಅಡ್ಡಕ್ಕೊಂದು, ತಿರುಗಾ ಉದ್ದಕ್ಕೊಂದು. ಮಳೆ ಬೇರೆ ಹಿಡ್ಕಂಡೈತೆ. ನಾಕ್ ದಿನ ಬುಟ್ಟು ಬಾ.”

“ನಾಳೆ ತಿಥಿ.”

“ತಿಥಿ ಒಂದಿನ. ಪಟ ಇರೋದು ವರ್ಷಾನುಗಟ್ಟಲೆ.”

ಅಲ್ಲಿಗೆ ನಾನು ವಾದಕ್ಕೆ ಇಳಿದೆ. ಒಳ್ಳೆ ಇಂಕಾದರೆ ಅದಕ್ಕೆ ವಾರ್ನಿಷ್ ಯಾಕೆ ಬೇಕು? ವಾರ್ನಿಷ್ ಬೇಕೇ ಬೇಕು ಅನ್ನುವುದಾದರೆ ಇಂಕು ಒಳ್ಳೆಯದು ಹೇಗಾಯಿತು? ಅವರು ನಕ್ಕರು. “ಗೊಂಬೆಗೆ ಅರಗು ಯಾಕಪ್ಪ ಹಾಕದು, ಮರ ಕೆಟ್ಟದು ಅಂತಾನಾ?” ಎಂದರು. ಈಗ ಯೋಚಿಸಿದರೆ ಅದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಆಗ ನಾನು ಮರ ಬೇರೆ ಬಟ್ಟೆ ಬೇರೆ, ಹೋಲಿಕೆಯೇ ತಪ್ಪು ಎಂದುಬಿಟ್ಟೆ. ಕೊನೆಗೆ ಅವರು ಒಪ್ಪಿದ್ದು ನನ್ನ ತರ್ಕಕ್ಕಲ್ಲ. ಬರಿಗೋಡೆ ನೋಡುತ್ತಾ ಕೂತ ದೊಡ್ಡಮ್ಮನ ಮಾತೆತ್ತಿದೆ, ಅದಕ್ಕೆ.

ಪಂಚೆಯಲ್ಲಿ ಪಟ ಸುತ್ತುತ್ತಾ ಒಂದೊಂದೇ ಹೇಳಿದರು. ಈ ಇಂಕಿನ ಬಣ್ಣ ತುಂಬಾ ಚೆನ್ನ, ಆದರೆ ಮೇಲೆ ವಾರ್ನಿಷ್ ಬೀಳುವವರೆಗೆ ಎಳೆಗೂಸು ಇದ್ದಂಗೆ. ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ. ಕೆಳಗೆ ಊದುಕಡ್ಡಿ ಹಚ್ಚಬೇಡಿ. ಇದಕ್ಕೆ ಗಾಜು ಇಲ್ಲ, ಹಾಗಾಗಿ ಒದ್ದೆ ಬಟ್ಟೆ ಸೋಕಿಸಬೇಡಿ, ಕುಂಕುಮ ಇಡಬೇಡಿ. “ತಿಥಿ ಮುಗಿದ ಮಾರನೇ ದಿನವೇ ತಂದ್ಬುಡು. ಮರೀಬ್ಯಾಡ.”

“ತತ್ತೀನಿ ಬುಡಿ,” ಅಂದೆ.

ತರಲಿಲ್ಲ. ಮೈಸೂರಿನಲ್ಲಿ ಚರ್ಚಾಸ್ಪರ್ಧೆ ಇತ್ತು, ಆಮೇಲೆ ಗೂಡು ಬಿಡಿಸುವ ಕೆಲಸ ಇತ್ತು ಎಂದೆಲ್ಲ ಹೇಳಬಹುದು. ನಿಜ ಅದಲ್ಲ. ಅವತ್ತಿನ ವಾದದಲ್ಲಿ ಗೆದ್ದೆ ಎಂದುಕೊಂಡಿದ್ದೆ. ಸೋತವರು ಹೇಳಿದ ಮಾತು ಪಾಲಿಸುವುದು ಹೇಗೆ?

ದೊಡ್ಡಮ್ಮ ಪಟವನ್ನು ಬಾಗಿಲಿಗೆ ಎದುರಾಗಿ ಪಡಸಾಲೆಯ ಗೋಡೆಗೆ ಹಾಕಿಸಿದಳು. ಬಂದವರಿಗೆಲ್ಲ ಮಗನೇ ಮೊದಲು ಕಾಣಬೇಕು ಎಂದು. ಸಂಜೆ ಬಿಸಿಲು ಬಾಗಿಲಿನಿಂದ ನೇರ ಬಂದು ಅವನ ಮುಖಕ್ಕೆ ಬೀಳುತ್ತಿತ್ತು. ಪ್ರತಿ ಶುಕ್ರವಾರ ಮನೆಯ ಬೇರೆ ಪಟಗಳ ಗಾಜು ಒರೆಸುವ ಒದ್ದೆ ಬಟ್ಟೆಯಲ್ಲೇ ಅವನ ಹಣೆಯ ಹಳೆಯ ಕುಂಕುಮ ಒರೆಸಿ, ಹೊಸದು ಇಟ್ಟು, ಎರಡು ಊದುಕಡ್ಡಿ ಸಿಕ್ಕಿಸುತ್ತಿದ್ದಳು. ನಾನು ಅಲ್ಲೇ ಕೂತು ಕಾಫಿ ಕುಡಿಯುತ್ತಾ ನೋಡಿದ್ದೇನೆ. ಹೆತ್ತವಳಿಗೆ ಮಗನ ಹಣೆ ಮುಟ್ಟಬೇಡ ಎಂದು ಹೇಗೆ ಹೇಳುವುದು ಎಂದು ಸುಮ್ಮನಿದ್ದೆ... ಹೀಗೆ ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ಅದು ಆಮೇಲೆ ಹೊಳೆದ ಸಮಜಾಯಿಷಿ. ಆಗ ಸ್ಟುಡಿಯೋದವರ ಮಾತು ನನಗೆ ನೆನಪಿಗೇ ಬರಲಿಲ್ಲ.

ಮೊದಲು ತುಟಿಯ ಕೆಂಪು ಹೋಯಿತು. ಆಮೇಲೆ ಕೆನ್ನೆ ಹಸಿರುಗಟ್ಟಿತು. ಹಣೆಯಲ್ಲಿ, ವಾರವಾರ ಒರೆಸುತ್ತಿದ್ದ ಜಾಗದಲ್ಲಿ, ಬಿಳಿ ಬಟ್ಟೆ ಕಾಣಿಸಿಕೊಂಡು ಹುಬ್ಬಿನ ಗೀರಿನವರೆಗೂ ಹರಡಿತು. ಅವರು ಮುಟ್ಟದೆ ಉಳಿಸಿದ್ದ ಗೀರು. ಕಾರ್ಖಾನೆಯ ನೀಲಿ ಅಂಗಿ ಮಾತ್ರ ಇನ್ನೂ ಗುರುತು ಸಿಗುವಂತಿತ್ತು.

ದೊಡ್ಡಮ್ಮ ಅದನ್ನು ತನ್ನ ಸೀರೆಯಲ್ಲಿ ಸುತ್ತಿ, ನನ್ನನ್ನು ಕರೆದುಕೊಂಡು ರಾಮನಗರದ ಬಸ್ಸು ಹತ್ತಿದಳು. ಗೂಡಿನ ಹರಾಜು ಮುಗಿಸಿದವರು ರಸ್ತೆ ತುಂಬ ಇದ್ದರು. ಅವಳ ಅಳು ಕೇಳಿ ಅಂಗಡಿ ಮುಂದೆ ಜನ ಕೂಡಿದರು. ಸ್ಟುಡಿಯೋದವರು ಪಟವನ್ನು ಬೆಳಕಿಗೆ ತಂದು, ಬಗ್ಗಿ, ಹಣೆಯ ಜಾಗವನ್ನು ಒಂದು ಬೆರಳಿನಿಂದ ಸವರಿದರು.

“ನೀರು ಬಿದ್ದೈತೆ. ಬಿಸಿಲೂ ತಿಂದೈತೆ,” ಎಂದು ನಿಧಾನಕ್ಕೆ ಹೇಳಿ ನನ್ನ ಕಡೆ ತಿರುಗಿದರು. “ನೀನೇ ಹೇಳಪ್ಪ. ಅವತ್ತು ನಾನು ಏನಂದಿದ್ದೆ?”

ಎದುರಾಳಿಯ ಪ್ರಶ್ನೆಗೆ ಉತ್ತರಿಸಬಾರದು, ತಿರುಗಿ ಇನ್ನೊಂದು ಪ್ರಶ್ನೆ ಎಸೆಯಬೇಕು. ಈ ವಿದ್ಯೆಗೆ ಚರ್ಚಾಸ್ಪರ್ಧೆಗಳಲ್ಲಿ ನನಗೆ ಬಹುಮಾನದ ನಾಲ್ಕು ಕಪ್ ಬಂದಿದ್ದವು. ನಾನು ಒಂದೇ ಒಂದು ಸುಳ್ಳೂ ಹೇಳಲಿಲ್ಲ.

“ನೀರು ಬಿದ್ರೆ ಹೋಗ್ತದೆ, ಬಿಸಿಲು ಬಿದ್ರೆ ಹೋಗ್ತದೆ ಅಂತ ಗೊತ್ತಿದ್ದೂ ಸತ್ತವರ ಪಟ ಯಾಕೆ ಮಾಡಿದ್ರಿ?”

“ಹಾಕ್ದ ನೋಡ್ಲಾ ಪಾಯಿಂಟು!” ಎಂದು ಗುಂಪಿನಲ್ಲಿ ಯಾರೋ ಕೂಗಿದರು.

“ವಾಪಸ್ ತತ್ತೀನಿ ಅಂದಿದ್ದಲ್ಲಪ್ಪ ನೀನು...”

“ಮನೆಗೆ ಕರ್ಕೊಂಡೋದ ಮಗನ್ನ ರಿಪೇರಿಗೆ ತರಬೇಕಿತ್ತೇನು?”

ಜನ ನಕ್ಕರು. ಸ್ಟುಡಿಯೋದವರು ನನ್ನನ್ನು ಬಿಟ್ಟು ದೊಡ್ಡಮ್ಮನ ಕಡೆ ತಿರುಗಿದರು. “ಅವ್ವಾ, ನಿಮ್ಮ ಮಗ ಇನ್ನೂ ಈ ಕಂಪ್ಯೂಟರಲ್ಲಿ ಅವ್ನೆ. ಏನೂ ಕೊಡಬ್ಯಾಡಿ. ನಾನೇ ಇನ್ನೊಂದು ಮಾಡಿ, ಮೂರು ಕೋಟೂ ಹೊಡೆದು, ಮನೆಗೇ ತಂದು ಕೊಡ್ತೀನಿ.”

“ನಿನ್ನ ಕೈಲಿ ನನ್ನ ಮಗ ಎರಡ್ನೇ ಸಲ ಸಾಯೋದು ಬ್ಯಾಡ,” ಎಂದ ದೊಡ್ಡಮ್ಮ ರಸ್ತೆಯ ಬದಿಗೆ ಬಗ್ಗಿದಳು. ಒಂದು ಹಿಡಿ ಮಣ್ಣು ತೆಗೆದು ಅಂಗಡಿಯ ಒಳಕ್ಕೆ ತೂರಿದಳು. “ನಿನ್ ಬಾಗ್ಲು ಮುಚ್ಚೋಗ!”

ನಗು ನಿಂತುಹೋಯಿತು. ಮಿಷನ್ನಿನ ಮೇಲೆ ಬಿದ್ದ ಮಣ್ಣನ್ನು ಅವರು ಒರೆಸಲಿಲ್ಲ. ಪಟವನ್ನು ಮತ್ತೆ ಸೀರೆಯಲ್ಲಿ ಸುತ್ತಿ ಕೊಡುವಾಗ ಅಂಚು ನೆಲಕ್ಕೆ ತಾಗದಂತೆ ಎತ್ತಿ ಹಿಡಿದಿದ್ದರು. ಆ ಕೈಗಳನ್ನು ನೋಡಿದೆ. ಮುಖ ನೋಡಲಿಲ್ಲ.

ಶಾಪವನ್ನು ನಾನು ನಂಬುವುದಿಲ್ಲ. ಆದರೆ ಆ ರಸ್ತೆಯಲ್ಲಿ ನಿಂತಿದ್ದವರೆಲ್ಲ ನಂಬುತ್ತಿದ್ದರು. ಗೂಡು ಮಾರಲು ಕನಕಪುರದಿಂದ, ಮಾಗಡಿಯಿಂದ ಬಂದವರು ಅದನ್ನು ತಂತಮ್ಮ ಊರಿಗೆ ಹೊತ್ತುಕೊಂಡು ಹೋದರು. ಮಗ ಸತ್ತ ತಾಯಿ ಮಣ್ಣು ತೂರಿದ ಅಂಗಡಿಯಲ್ಲಿ ಮದುವೆಯ ಫೋಟೋ ಯಾರು ಮಾಡಿಸುತ್ತಾರೆ? ಬರೀ ಶಾಪವಾಗಿದ್ದರೆ ಒಂದಿಬ್ಬರಾದರೂ ಪಾಪ, ದುಃಖದಲ್ಲಿ ಆಡಿದ ಮಾತು ಎನ್ನುತ್ತಿದ್ದರೇನೋ. ಅದಕ್ಕೆ ಪುರಾವೆಯಂತೆ ನನ್ನ ರಿಪೇರಿ ಮಾತು ಅಂಟಿಕೊಂಡಿತ್ತು. ತಿಂಗಳುಗಟ್ಟಲೆ ಅದನ್ನು ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ ಬೇರೆಯವರ ಬಾಯಿಂದ ಕೇಳಿದೆ. ಮೊದಮೊದಲು ಹೆಮ್ಮೆಯೂ ಆಯಿತು. ಇದನ್ನು ಬರೆಯಲೇಬೇಕು.

ಅಂಗಡಿ ಮುಚ್ಚಿದಾಗ ಮಿಷನ್ನನ್ನೂ ಕಂಪ್ಯೂಟರನ್ನೂ ಬೆಂಗಳೂರಿನ ಯಾರೋ ಒಯ್ದರಂತೆ. ಅಣ್ಣನ ಮುಖವೂ ಅದರೊಳಗೇ ಹೋಯಿತು. ಇನ್ನೆಲ್ಲೂ ಇಲ್ಲ.

ಚನ್ನಪಟ್ಟಣದಲ್ಲಿ ಆ ವಾಸನೆ ಹಿಡಿದ ಮೇಲೆ ಸ್ಟುಡಿಯೋದವರನ್ನು ಹುಡುಕಿಕೊಂಡು ಹೊರಟೆ. ಕನಕಪುರದ ಕಡೆ ಒಂದು ಹಳ್ಳಿಯಲ್ಲಿ ಮಗಳ ಮನೆ ಸಿಕ್ಕಿತು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಕೊನೆಗಾಲದಲ್ಲಿ ಅಂಗಡಿಯ ಮಾತು ಎತ್ತಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದರಂತೆ. ಆಕೆ ಮಜ್ಜಿಗೆ ಕೊಟ್ಟು, “ನೀವು ಅಪ್ಪಂಗೆ ಏನಾಗಬೇಕು?” ಎಂದು ಕೇಳಿದಳು. ಹಳೇ ಗಿರಾಕಿ ಎಂದೆ. ಅದೂ ಸುಳ್ಳಲ್ಲ.

ಇನ್ನು ಉಳಿದವಳು ದೊಡ್ಡಮ್ಮ. ಕಳೆದ ಭಾನುವಾರ ಹೋದೆ. ಪಡಸಾಲೆಯಲ್ಲಿ ಕೂತು, ರೇಷ್ಮೆಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದಳು. ಗೋಡೆಯ ಮೇಲೆ ಆ ಪಟ ಇನ್ನೂ ಇದೆ. ನೀಲಿ ಅಂಗಿಯ ಛಾಯೆ, ಅದರ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಅಂದಾಜಿನಲ್ಲಿಟ್ಟ ಕುಂಕುಮ. ನಾನೂ ಎರಡು ಗೂಡು ಬಿಡಿಸಿ, ಎಲ್ಲ ಹೇಳಿದೆ. ಸ್ಟುಡಿಯೋದವರು ನಾಲ್ಕು ದಿನ ಬಿಟ್ಟು ಬಾ ಎಂದದ್ದು, ನಾನು ವಾದ ಮಾಡಿ ತಂದದ್ದು, ಅವರು ಬೇಡ ಎಂದದ್ದೆಲ್ಲ ಅವಳು ಮಾಡುತ್ತಿದ್ದರೂ ನಾನು ಬಾಯಿ ಬಿಡದೆ ಇದ್ದದ್ದು. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬೈಗುಳಕ್ಕೆ ತಲೆಬಾಗುವುದು ಸುಲಭ.

ಅವಳ ಕೈ ನಿಂತಿತು. “ಆವಯ್ಯ ಈಗ ಎಲ್ಲವ್ನೆ?”

“ಇಲ್ಲ ದೊಡ್ಡಮ್ಮ. ತೀರ್ಕೊಂಡ್ರು.”

ಅವಳ ಮುಖ ಬೆಳ್ಳಗಾಗಿತ್ತು. ಆಗ ನನಗೆ ತಿಳಿಯಿತು. ಅವಳು ಇಷ್ಟು ವರ್ಷ ಮೋಸಗಾರನಿಗೆ ಶಾಪ ಹಾಕಿದ್ದಳು. ನಾನು ಬಂದು ಕೂತ ಅರ್ಧ ಗಂಟೆಯಲ್ಲಿ ಅದು ಏನೂ ತಪ್ಪು ಮಾಡದವನಿಗೆ ಹಾಕಿದ ಶಾಪವಾಗಿಹೋಯಿತು. ನನ್ನ ಭಾರ ಇಳಿಸಿಕೊಳ್ಳಲು ಬಂದು ಅವಳ ತಲೆಯ ಮೇಲೆ ಇಳಿಸಿದ್ದೆ. ಗಾಬರಿಯಾಗಿ, ಶಾಪ ಗೀಪ ಎಲ್ಲ ಸುಳ್ಳು ದೊಡ್ಡಮ್ಮ, ಮಣ್ಣು ತೂರಿದರೆ ಏನೂ ಆಗಲ್ಲ, ತಪ್ಪು ನನ್ನದು ಎಂದೆ.

“ನಿಂಗೆ ಸುಳ್ಳು ಕಣ್ಲಾ ಮಗ,” ಎಂದಳು. “ನಾನು ನಿಜ ಅಂತ್ಲೇ ತೂರಿದ್ದು.”

ಕೈಯಲ್ಲಿದ್ದ ಗೂಡನ್ನು ಕೆಳಗಿಟ್ಟಳು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದಳು:

“ಇಷ್ಟೊಂದು ಓದಿದ್ದೀಯಲ್ಲ, ಹೇಳು. ಸತ್ತೋದೋರಿಗೆ ಹಾಕಿದ್ ಶಾಪಾನ ಈಗ ಹೆಂಗ್ಲಾ ವಾಪಸ್ ತಗೊಳ್ಳಲಿ?”