ಪಾಡ್ಯದ ದಿನ ತೆರೆದ ಮನೆಶಾಲೆ

ನಮ್ಮದು ಶಹಾಪುರದಲ್ಲಿ ಪಾತ್ರೆ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಮಗಳು ನಾಲ್ಕನೆಯ ತರಗತಿಯಲ್ಲಿದ್ದ ವರ್ಷ ಅವಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸಬೇಕಾಯಿತು. ಯಾವ ಪಠ್ಯಕ್ರಮ ಎಂದು ಗೊತ್ತುಮಾಡಲು ಮಳೆಗಾಲದಿಂದ ಎಳ್ಳಮಾವಾಸ್ಯೆಯ ತನಕ ಹಿಡಿಯಿತು. ನಡೆದ ಹಾಗೆಯೇ ಬರೆಯಲು ನೋಡುತ್ತೇನೆ. ಒಂದೆರಡು ಸಂಗತಿಗಳಲ್ಲಿ ನನ್ನ ನೆನಪು ಬೇರೆ, ಮಗಳ ನೆನಪು ಬೇರೆ.

ಅವಳ ಶಾಲೆ ಊರ ಹೊರಗೆ, ಸುರಪುರ ರಸ್ತೆಯಲ್ಲಿತ್ತು. ಹುಡುಗರನ್ನೆಲ್ಲ ಒಂದು ಟಂಟಂ ಆಟೋ ಒಯ್ಯುತ್ತಿತ್ತು. ಆ ದಿನ ಅವಳು ಬುತ್ತಿ ಡಬ್ಬಿ ಮರೆತು ಹತ್ತಿದ್ದಳು. ನಾನು ಡಬ್ಬಿ ಹಿಡಿದುಕೊಂಡು ಬೈಕಿನಲ್ಲಿ ಹಿಂದೆ ಹೋದೆ. ಕಾಲುವೆಯ ಸೇತುವೆ ದಾಟಿದ ಮೇಲೆ ರಸ್ತೆ ತಿರುಗುತ್ತದೆ. ಅಲ್ಲಿ ನನ್ನ ಮುಂದೆ ಹೋಗುತ್ತಿದ್ದ ಟಂಟಂನ ಒಂದು ಗಾಲಿ ಡಾಂಬರಿನ ಅಂಚು ಬಿಟ್ಟು ಇಳಿಯಿತು. ಗಾಡಿ ವಾಲಿತು. ಹಾಗೇ ನಿಂತುಬಿಡುತ್ತದೆ ಎಂದು ನನಗೆ ಅನ್ನಿಸಿತು. ಆಮೇಲೆ ಮಗ್ಗುಲಾಗಿ ಬಿತ್ತು. ಒಳಗಿನ ಹುಡುಗರೆಲ್ಲ ಒಮ್ಮೆಲೇ ಕೂಗಿಕೊಂಡರು. ಹತ್ತಿ ಹೊಲದಲ್ಲಿದ್ದವರು ಓಡಿ ಬಂದು ಗಾಡಿಯನ್ನು ಎತ್ತಿ ನಿಲ್ಲಿಸಿದರು. ಒಬ್ಬ ಹುಡುಗಿಯ ಕೈ ಮುರಿದಿತ್ತು. ಉಳಿದವರಿಗೆ ತರಚಿತ್ತು. ನನ್ನ ಮಗಳಿಗೆ ಏನೂ ಆಗಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಡಬ್ಬಿ ಕೊಟ್ಟೆ. ಅವಳು ತೆಗೆದುಕೊಂಡಳು.

ಅಂದು ಮನೆಗೆ ನಡೆದೇ ಬಂದೆವು. ನಾನು ಬೈಕು ನೂಕುತ್ತಿದ್ದೆ, ಅವಳು ರಸ್ತೆಯ ಆ ಬದಿಗೆ. ಅದಾದ ಮೇಲೆ ಅವಳು ಗಾಲಿ ಇರುವ ಯಾವುದನ್ನೂ ಹತ್ತಲಿಲ್ಲ. ನಡೆದು ಹೋಗುವಷ್ಟು ಹತ್ತಿರ, ನಮ್ಮ ಓಣಿಯ ಆಚೆಗೇ ಸರ್ಕಾರಿ ಶಾಲೆ ಇದೆ. ಅಲ್ಲಿಗೂ ಕರೆದೊಯ್ದೆವು. ಪ್ರಾರ್ಥನೆ ಮುಗಿದು ಹುಡುಗರು ಕೂಗುತ್ತ ಒಳಗೆ ಓಡಿದರು. ಅವಳು ಗೇಟಿನಲ್ಲೇ ಎರಡೂ ಕಿವಿ ಮುಚ್ಚಿಕೊಂಡು ಕುಳಿತುಬಿಟ್ಟಳು. ಅಂಗಡಿಯಲ್ಲಿ ಕೊಡ ಬಿದ್ದರೆ, ತಟ್ಟೆಗಳ ರಾಶಿ ಜಾರಿದರೆ ಅವಳು ಬೆಚ್ಚುತ್ತಿರಲಿಲ್ಲ. ಹುಡುಗರ ಗುಂಪು ಕೂಗಿದರೆ ಮಾತ್ರ ಕೈ ಕಿವಿಗೆ ಹೋಗುತ್ತಿತ್ತು. ಆಮೇಲೆ ಹೊಸ್ತಿಲು ದಾಟುವುದನ್ನೇ ಬಿಟ್ಟಳು. ಡಾಕ್ಟರು ಅವಸರ ಮಾಡಬೇಡಿ ಎಂದರು. ನನ್ನ ಅವ್ವ ದರ್ಗಾದಿಂದ ತಾಯಿತ ತಂದು ಕಟ್ಟಿದಳು.

ಮನೆಯಲ್ಲೇ ಓದಿಸುವ ಯೋಚನೆ ನನ್ನ ಹೆಂಡತಿಯ ಅಣ್ಣನದು. ಅವನು ಹೈದರಾಬಾದಿನಲ್ಲಿದ್ದಾನೆ. ಅಲ್ಲಿ ಹೀಗೆ ಓದಿಸುವವರು ಇದ್ದಾರೆ ಎಂದು ಫೋನಿನಲ್ಲಿ ಹೇಳಿ, ಒಂದು ದೊಡ್ಡ ಪೆಟ್ಟಿಗೆ ತರಿಸಿಕೊಟ್ಟ. ಎಲ್ಲ ಇಂಗ್ಲಿಷ್ ಪುಸ್ತಕಗಳು. ಯಾವ ದಿನ ಯಾವ ಪಾಠ ಎಂದು ಅಚ್ಚು ಹಾಕಿದ ಹಾಳೆಗಳು, ಬಣ್ಣದ ಕಟ್ಟಿಗೆ ತುಂಡುಗಳು, ಭೂಮಿಯ ಗೋಳ. ನಾವು ಅದನ್ನು ನೋಡಿ ಸಂತೋಷಪಟ್ಟೆವು. ಆಗ ದೀಪಾವಳಿ ಹತ್ತಿರವಿತ್ತು. ವ್ಯಾಪಾರಸ್ಥರ ಮನೆ ನಮ್ಮದು. ಹೊಸದೇನು ಶುರುಮಾಡಿದರೂ ಪಾಡ್ಯದ ದಿನ. ಪೆಟ್ಟಿಗೆಯ ಪಾಠಗಳನ್ನೂ ಆ ದಿನಕ್ಕೇ ಇಟ್ಟುಕೊಂಡೆವು.

ಪಾಡ್ಯದ ದಿನ ಮುಂದಿನ ಕೋಣೆಗೆ ಚೆಂಡುಹೂವಿನ ಸರ ಕಟ್ಟಿದೆವು. ಬಾಗಿಲಿಗೆ ಮಾವಿನೆಲೆ, ಲಿಂಬೆಹಣ್ಣು, ಹಸಿಮೆಣಸಿನಕಾಯಿ. ಪುಸ್ತಕಗಳಿಗೆ ವಿಭೂತಿ ಹಚ್ಚಿ ಪೂಜೆ ಮಾಡಿದೆವು. ಮಗಳಿಗೆ ಹಳೆಯ ಶಾಲೆಯ ಯೂನಿಫಾರ್ಮನ್ನೇ ಹಾಕಿದ್ದೆವು, ಟೈ ಸಮೇತ. ಮನೆಯ ಹಿಂದಿನ ಬಾಗಿಲಿನಿಂದ ಹೊರಟು ಮುಂದಿನ ಬಾಗಿಲಿನಿಂದ ಒಳಗೆ ಬರಲಿ, ಶಾಲೆಗೆ ಬಂದ ಹಾಗಿರುತ್ತದೆ ಎಂದು ಹೆಂಡತಿ ಹೇಳಿದಳು. ಮಗಳು ಅಷ್ಟು ದೂರ ಗೋಡೆ ಹಿಡಿದು ಬಂದಳು. ಆಮೇಲೆ, ಅಂಗಡಿ ತೆರೆದಾಗ ಮಾಡುವಂತೆ, ಓಣಿಗೆಲ್ಲ ಪೇಡೆಗೆ ಬರಲು ಹೇಳಿಕಳಿಸಿದೆ.

ಪೇಡೆ ಎಂದರೆ ಹುಡುಗರು ಬರುತ್ತಾರೆ. ಓಣಿಯ ಹುಡುಗರೆಲ್ಲ ಬಂದರು. ಕೋಣೆ ತುಂಬಿತು. ಗೋಳವನ್ನು ಯಾರು ಮೊದಲು ತಿರುಗಿಸಬೇಕು ಎಂದು ಕೂಗಾಟ ಶುರುವಾಯಿತು. ನಾನು ಪೇಡೆಯ ತಟ್ಟೆ ಹಿಡಿದು ನಿಂತಿದ್ದೆ. ಮಗಳು ಕಾಣಲಿಲ್ಲ. ದೇವರ ಮನೆಯಲ್ಲಿ, ಜೋಳದ ಚೀಲದ ಹಿಂದೆ ಕಿವಿ ಮುಚ್ಚಿಕೊಂಡು ಕುಳಿತಿದ್ದಳು. ಟೈ ಬಿಚ್ಚಿರಲಿಲ್ಲ.

ಅವ್ವ ಬಂದು ನೋಡಿದಳು. "ಹುಡುಗರ ಗದ್ದಲ ಬ್ಯಾಡಂತ ಮನ್ಯಾಗ ಸಾಲಿ ತಗದ್ರಿ. ಅದಕ್ಕ ಊರ ಹುಡುಗರನ್ನ ಕರದು ಪೇಡೆ ಕೊಟ್ರಿ. ಶ್ಯಾಣ್ಯಾ ಇದ್ದೀರಿ," ಎಂದಳು.

ಪೆಟ್ಟಿಗೆಯ ಪಾಠಗಳು ಮುಂದೆಯೂ ಸಾಗಲಿಲ್ಲ. ಚೆನ್ನಾಗಿ ಮಾಡಿದ ಪುಸ್ತಕಗಳೇ ಅವು. ಆದರೆ ಪ್ರತಿ ಪಾಠದ ಕೊನೆಗೆ ಮಗುವನ್ನು ಎಲ್ಲಿಗಾದರೂ ಕರೆದೊಯ್ಯಿರಿ ಎಂದಿರುತ್ತಿತ್ತು. ರೈಲು ನಿಲ್ದಾಣಕ್ಕೆ, ಪ್ರಾಣಿ ಸಂಗ್ರಹಾಲಯಕ್ಕೆ, ಹಿಮ ಬಿದ್ದರೆ ಅಂಗಳಕ್ಕೆ. ಮಗಳು ಅಷ್ಟು ಓದಿ ಹಾಳೆ ಮಡಚುತ್ತಿದ್ದಳು. ಹೆಂಡತಿಗೂ ಇಂಗ್ಲಿಷ್ ಅಷ್ಟು ಬಾರದು. ಅರ್ಥ ಹೇಳಲು ನಾನು ಗಿರಾಕಿಗಳನ್ನು ಬಿಟ್ಟು ಒಳಗೆ ಬರಬೇಕಿತ್ತು.

ನಮ್ಮ ಬಾಜೂ ಮನೆಯಲ್ಲಿ ಒಬ್ಬ ಟೀಚರ್ ಇದ್ದಾರೆ. ಆ ಸರ್ಕಾರಿ ಶಾಲೆಯವರೇ. ಮನೆಯಲ್ಲಿ ಅವರದು ದಖನಿ ಉರ್ದು. ನಾವು ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತೇವೆ. ಪಾಡ್ಯದ ಸುದ್ದಿ ಅವರಿಗೂ ಮುಟ್ಟಿತ್ತು. ಒಂದು ಸಂಜೆ ಸರ್ಕಾರಿ ಪಠ್ಯಪುಸ್ತಕಗಳನ್ನು ತಂದು ಕಟ್ಟೆಯ ಮೇಲೆ ಇಟ್ಟರು.

"ಪೂಜಾ ಮಾಡಬ್ಯಾಡ್ರಿ ಮತ್ತ," ಎಂದರು. "ಸುಮ್ನ ಓದಸ್ರಿ."

"ಪೇಡೆ ಉಳದಾವ ಆಪಾ, ತಗೋರಿ," ಎಂದಳು ಹೆಂಡತಿ.

"ಹುಡುಗಿ ಒಂದ್ ಪುಟ ಓದ್ಲಿ. ಆಮ್ಯಾಲ ತಿಂತೀನಿ."

ಮಗಳು ಆ ಪುಸ್ತಕಗಳನ್ನು ಓದಿದಳು. ಬಾಯಿಬಿಟ್ಟು ಅಲ್ಲ, ಮನಸ್ಸಿನಲ್ಲಿ. ಗಣಿತದಲ್ಲಿ ಲೀಟರಿನ ಪಾಠ ಬಂದಾಗ ತಾನೇ ಅಂಗಡಿಗೆ ಬಂದು ತಂಬಿಗೆ, ಚರಗಿ, ಕೊಡ ಎಲ್ಲ ಸಾಲಾಗಿ ಇಟ್ಟು ನೀರು ಸುರಿದು ನೋಡಿದಳು. ಯಾವ ಡಬ್ಬಿಯೊಳಗೆ ಯಾವ ಡಬ್ಬಿ ಕೂರುತ್ತದೆ ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು. ಈಗ ಯಾಕೆ ಎಂಬುದೂ ತಿಳಿಯಿತು. ಗಿರಾಕಿಗಳು ನಗುತ್ತಿದ್ದರು. ಅವಳು ತಲೆ ಎತ್ತುತ್ತಿರಲಿಲ್ಲ.

ಆಪಾನೇ ಆಮೇಲೆ ಪರೀಕ್ಷೆಯ ಮಾತು ತೆಗೆದರು. ಈ ಪುಸ್ತಕಗಳನ್ನೇ ಓದಿಸುವುದಾದರೆ ಶಾಲೆಗೆ ಸೇರಿಸದೆ ಹೊರಗಿನಿಂದ ಪರೀಕ್ಷೆ ಬರೆಸಬೇಕಾಗುತ್ತದೆ, ಅದಕ್ಕೆ ಯಾದಗಿರಿಗೆ ಹೋಗಬೇಕಾಗಬಹುದು ಎಂದರು. ಪೆಟ್ಟಿಗೆಯ ಪಾಠಗಳಿಗೆ ಪರೀಕ್ಷೆ ಇರಲಿಲ್ಲ. ಅಷ್ಟು ಹೊತ್ತಿಗೆ ನನಗೆ ಸ್ಪಷ್ಟವಾಯಿತು: ನಾವು ಆರಿಸಬೇಕಾದದ್ದು ಕನ್ನಡವೋ ಇಂಗ್ಲಿಷೋ ಎಂಬುದಲ್ಲ. ಒಂದರಲ್ಲಿ ಅವಳು ಮನೆಯಲ್ಲೇ ಇರಬಹುದು. ಇನ್ನೊಂದರಲ್ಲಿ ಎಂದಾದರೂ ಒಂದು ದಿನ ಬಸ್ಸು ಹತ್ತಿ, ನೂರಾರು ಹುಡುಗರ ನಡುವೆ ಕುಳಿತುಕೊಳ್ಳಬೇಕು.

ಹೆಂಡತಿ ಪೆಟ್ಟಿಗೆಯೇ ಇರಲಿ ಎಂದಳು. "ಅಕಿ ಅಂಜತಾಳ. ಇಂಗ್ಲಿಷ್ ನಾ ಕಲೀತೀನಿ. ಪರೀಕ್ಷಾ ಬ್ಯಾಡ."

"ಮತ್ತ ಅಕಿನ್ನ ಉಪ್ಪಿನಕಾಯಿ ಹಾಕಿ ಭರಣ್ಯಾಗ ಇಡ್ತೀರೇನು," ಎಂದಳು ಅವ್ವ.

ಆ ತಿರುವಿನಲ್ಲಿ ಗಾಡಿ ವಾಲಿದ್ದನ್ನು ನೋಡಿದವನು ಮನೆಯಲ್ಲಿ ನಾನೊಬ್ಬನೇ. ಅದು ಕಣ್ಣಿಗೆ ಬಂದರೆ ಹೆಂಡತಿಯ ಮಾತೇ ಸರಿ ಅನ್ನಿಸುತ್ತಿತ್ತು.

ಎಳ್ಳಮಾವಾಸ್ಯೆ ಬಂತು. ಅಂದು ನಮ್ಮ ಕಡೆ ಹೊಲ ಇದ್ದವರೆಲ್ಲ ಸಜ್ಜಿ ರೊಟ್ಟಿ, ಭಜ್ಜಿ, ಕಡುಬು ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಮಾಡಿದ್ದನ್ನೆಲ್ಲ ಕಲಸಿ ಬೆಳೆಗೆ ಎರಚುತ್ತಾರೆ, ಅದು ಚರಗ. ನಮ್ಮ ಚೂರು ಹೊಲ ಕಾಲುವೆಯ ಆಚೆಗಿದೆ. ಪ್ರತಿ ವರ್ಷ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದೆವು. ಈ ಸಲ ಮಗಳ ಜೊತೆ ಮನೆಯಲ್ಲಿ ಯಾರು ಉಳಿಯಬೇಕು ಎಂದು ಮಾತಾಡುತ್ತಿದ್ದಾಗ, ಅವ್ವ ಚರಗದ ಬೋಗುಣಿಯನ್ನು ಮಗಳ ಕೈಗೆ ಕೊಟ್ಟಳು.

"ಟ್ಯಾಕ್ಟರ್ ಮ್ಯಾಲ ಕುಂತ್ರ ನನ್ನ ಸೊಂಟ ಮುರೀತದ. ನಾ ನಡಕೋತ ಹೊಂಟೀನಿ. ಬೋಗುಣಿ ಯಾರು ಹಿಡೀಬೇಕು?"

ಮಗಳು ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅಜ್ಜಿಯ ಹಿಂದೆ ಇಳಿದಳು. ಹೆಂಡತಿ ಮುಂದೆ ಟ್ರ್ಯಾಕ್ಟರಿನಲ್ಲಿ ಹೋದಳು. ನಾನು ಇವರಿಬ್ಬರ ಹಿಂದೆ ನಡೆದೆ.

ಸೇತುವೆ ದಾಟಿ ತಿರುವಿಗೆ ಬಂದಾಗ ಅವಳು ನಿಂತಳು.

"ಅಪ್ಪಾ, ಎತ್ತಾಗ ಬಿತ್ತು?"

ನಾನು ಎಡಕ್ಕೆ ತೋರಿಸಿದೆ.

"ಅಲ್ಲ, ಈ ಕಡಿ," ಎಂದು ಬಲಗಡೆಗೆ ಗದ್ದ ತಿರುಗಿಸಿದಳು. ಕೈಯಲ್ಲಿ ಬೋಗುಣಿ ಇತ್ತು.

ನಾನು ಹಿಂದಿನಿಂದ ನೋಡಿದ್ದೆ. ಅವಳು ಒಳಗಿದ್ದಳು. ಯಾರದು ಸರಿ ಎಂದು ಈಗಲೂ ನನಗೆ ಗೊತ್ತಿಲ್ಲ. ಅವ್ವ ಎರಡೂ ಕಡೆ ನೋಡಿ, "ಎತ್ತಾಗರೆ ಬೀಳ್ಲಿ. ಭಜ್ಜಿ ಆರಾಕತ್ತದ, ನಡೀರಿ," ಎಂದಳು.

ಹೊಲದಲ್ಲಿ ಪೂಜೆಯಾಯಿತು. ಅವ್ವ ಬೋಗುಣಿಯಿಂದ ಹಿಡಿ ಹಿಡಿ ತೆಗೆದು ಎರಚುತ್ತ ಜೋಳದ ನಡುವೆ ನಡೆದಳು. ಮಗಳು ಹಿಂದೆ ಹಿಂದೆ. ಚರಗ ಎರಚುವಾಗ ಎಲ್ಲರೂ ದನಿ ಎತ್ತಿ ಕೂಗುವುದು ರೂಢಿ. ನಾನು ಅದನ್ನು ಮರೆತಿದ್ದೆ. ಆಚೀಚೆಯ ಹೊಲಗಳಲ್ಲಿದ್ದ ಹುಡುಗರೆಲ್ಲ ಒಮ್ಮೆಲೇ ಕೂಗಿದರು. ಪಾಡ್ಯದ ದಿನಕ್ಕಿಂತ ದೊಡ್ಡ ಕೂಗು. ಮಗಳ ಭುಜಗಳು ಮೇಲೆದ್ದು ಬಿಗಿಯಾದವು. ಬೋಗುಣಿ ವಾಲಿತು, ಅಂಚಿನಿಂದ ಸ್ವಲ್ಪ ಚೆಲ್ಲಿತು. ಅವಳು ಅದನ್ನು ಎದೆಗೆ ಒತ್ತಿಕೊಂಡಳು. ಕೈ ಬಿಡಲಿಲ್ಲ. ಕಣ್ಣು ಮುಚ್ಚಿ, ಕೂಗು ನಿಲ್ಲುವ ತನಕ ನಿಂತಿದ್ದು, ಮತ್ತೆ ಅಜ್ಜಿಯ ಹಿಂದೆ ಹೆಜ್ಜೆ ಹಾಕಿದಳು. ಬಾಯಿಬಿಟ್ಟು ಕೂಗಲಿಲ್ಲ. ಹೆಂಡತಿ ನನ್ನ ಕಡೆ ನೋಡಿದಳು.

ಸಂಜೆ ಮರಳುವಾಗ ಹೆಂಡತಿಯೂ ನಮ್ಮ ಜೊತೆ ನಡೆದಳು. ಪರೀಕ್ಷೆಯ ಮಾತನ್ನು ಮಗಳು ಎಲ್ಲಿ ಕೇಳಿಸಿಕೊಂಡಿದ್ದಳೋ ತಿಳಿಯದು.

"ಆಯಿ, ಯಾದಗಿರಿಗಿ ನಡಕೋತ ಹೋಗಾಕ ಬರ್ತದೇನು?" ಎಂದು ಅಜ್ಜಿಯನ್ನು ಕೇಳಿದಳು.

"ಬರ್ತದ," ಎಂದಳು ಅವ್ವ. "ರೊಟ್ಟಿ ಜಾಸ್ತಿ ಕಟ್ಕೋಬೇಕಷ್ಟ."

ಮರುದಿನ ಹೆಂಡತಿ ಪೆಟ್ಟಿಗೆಯನ್ನು ಮಾಳಿಗೆಗೆ ಏರಿಸಿದಳು. ಗೋಳವನ್ನು ಮಾತ್ರ ಕೆಳಗೆ ಉಳಿಸಿಕೊಂಡಳು. ನಾನು ಆಪಾನ ಮನೆಗೆ ಹೋಗಿ, ನಿಮ್ಮ ಪುಸ್ತಕಗಳೇ ಇರಲಿ, ಪರೀಕ್ಷೆಯದು ಏನೇನು ಬೇಕು ನೋಡಿ ಹೇಳಿರಿ ಎಂದೆ. ಅವರು ಪೇಡೆ ಎಲ್ಲಿ ಎಂದು ಕೇಳಿದರು.