ಅಭ್ಯರ್ಥಿಯ ಕುರ್ಚಿ

ಕೊಳ್ಳೇಗಾಲದ ತಾಲ್ಲೂಕು ಕಚೇರಿ ಎದುರು ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಕೂತು ಮೂವತ್ತು ವರ್ಷದ ಹತ್ತಿರವಾಯಿತು. ಹನೂರು, ಯಳಂದೂರು ಕಡೆಯ ಹಳ್ಳಿಗಳಿಂದ ಬಸ್ಸಿಳಿದು ಬಂದವರಿಗೆ ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಪಿಂಚಣಿ, ಖಾತೆ, ಜಾತಿ ಪ್ರಮಾಣಪತ್ರ, ಯಾವುದಾದರೂ ಸರಿ. ನಾನು ಬರೆದ ಅರ್ಜಿಯಲ್ಲಿ ತಪ್ಪು ಹುಡುಕಿ ವಾಪಸು ಎಸೆಯುವ ಗುಮಾಸ್ತ ಇನ್ನೂ ಹುಟ್ಟಿಲ್ಲ ಎಂಬ ಜಂಬ ನನಗಿತ್ತು. ಈಗಲೂ ಇದೆ, ಆದರೆ ಮೊದಲಿನಂತೆ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ.

ಅಕ್ಕನನ್ನು ಅಜ್ಜೀಪುರದ ಆಚೆಯ ಒಂದು ಊರಿಗೆ ಕೊಟ್ಟಿದ್ದೆವು. ಕೊರೊನಾ ಬರುವುದಕ್ಕೆ ಐದು ವರ್ಷ ಮುಂಚೆ ಅವರೂರಿನ ಪಂಚಾಯ್ತಿ ಸೀಟು ಹೆಂಗಸರಿಗೆ ಮೀಸಲಾಯಿತು. ಬಾವ ಅಕ್ಕನ ಹೆಸರು ಕೊಟ್ಟರು, ಹೆಸರು ಸೂಚಿಸಿ ನಾಮಪತ್ರ ಕೊಡುವ ಸೂಚಕರೂ ಅವರೇ ಆದರು. ನಾಮಪತ್ರ ಸಲ್ಲಿಸುವ ದಿನ ಎರಡು ಟ್ರಾಕ್ಟರ್ ಜನ, ತಮಟೆ, ಬಾವನ ಕತ್ತಿನಲ್ಲಿ ಮೊಣಕಾಲು ಮುಟ್ಟುವ ಹಾರ. ಅಭ್ಯರ್ಥಿ ಎಲ್ಲಿ ಎಂದರೆ, ಮನೆ ಹಿಂದೆ ಮೂರು ಕಲ್ಲಿನ ಒಲೆ ಮುಂದೆ ಆ ಎರಡು ಟ್ರಾಕ್ಟರ್ ಜನಕ್ಕೆ ಬಾತು ತಿರುವುತ್ತಿದ್ದಳು.

ಗೆದ್ದದ್ದು ಅಕ್ಕ, ಸಭೆಗೆ ಹೋದದ್ದು ಬಾವ. ಸಭೆಯ ಪುಸ್ತಕ ಮನೆಗೇ ಬರುತ್ತಿತ್ತು. ಅಕ್ಕ ಮುದ್ದೆ ತಿರುವಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಹಿ ಹಾಕಿ ಮತ್ತೆ ಒಲೆ ಹತ್ತಿರ ಹೋಗುತ್ತಿದ್ದಳು. ಮೇಲಿನಿಂದ ಯಾರಾದರೂ ತಕರಾರು ತೆಗೆದರೆ, ‘ಅನಾರೋಗ್ಯದ ಕಾರಣ ನನ್ನ ಪರವಾಗಿ ನನ್ನ ಯಜಮಾನರನ್ನು ಕಳುಹಿಸಿರುತ್ತೇನೆ’ ಎಂದು ಒಂದು ಪತ್ರ ಹೋಗುತ್ತಿತ್ತು. ಗುಂಡುಕಲ್ಲಿನಂಥ ಆರೋಗ್ಯದ ಹೆಂಗಸಿಗೆ ಐದು ವರ್ಷ ಕಾಯಿಲೆ ಬರೆದವನು ನಾನೇ. ನನಗೆ ಅದು ತಪ್ಪೆಂದು ಅನ್ನಿಸಿರಲೂ ಇಲ್ಲ.

ಕೊರೊನಾ ವರ್ಷದ ಕೊನೆಯಲ್ಲಿ ಮತ್ತೆ ಪಂಚಾಯ್ತಿ ಚುನಾವಣೆ ಬಂತು, ಸೀಟು ಮತ್ತೆ ಹೆಂಗಸರಿಗೇ ಬಂತು. ಜೊತೆಗೆ ಹೊಸ ನಿಯಮಗಳೂ ಬಂದವು. ಮೆರವಣಿಗೆ ಇಲ್ಲ, ತಮಟೆ ಇಲ್ಲ. ಒಳಗೆ ಅಭ್ಯರ್ಥಿ ಮತ್ತು ಇನ್ನೊಬ್ಬರು ಮಾತ್ರ. ಬಾಗಿಲಲ್ಲಿ ಜ್ವರ ನೋಡುತ್ತಾರೆ. ಸೋಂಕು ಇರುವ ಅಭ್ಯರ್ಥಿ ಬರಕೂಡದು, ಅಧಿಕಾರ ಪತ್ರ ಕೊಟ್ಟು ಬೇರೆಯವರ ಕೈಲಿ ನಾಮಪತ್ರ ಕಳಿಸಬಹುದು. ಸುತ್ತೋಲೆ ನನ್ನ ಮೇಜಿಗೆ ಬಂದ ಕೂಡಲೇ ಫೋನಿನಲ್ಲಿ ಅಕ್ಕನಿಗೆ ಓದಿ ಹೇಳಿದೆ.

“ಇನ್ನೊಂದ್ಸಲ ಓದ್ಲಾ. ಒಳೀಕೆ ಯಾರು?”

“ಅಭ್ಯರ್ಥಿ, ಇನ್ನೊಬ್ಬರು.”

“ಅಂದ್ರೆ ನಾನೇ ಓಗ್ಬೇಕು. ರೂಲ್ಸೇ ಅಂಗದೆ ಅಲ್ವಾ?” ಎಂದು ಅಕ್ಕ ನಗತೊಡಗಿದಳು. ಅವಳ ಮದುವೆಯಾದ ಮೇಲೆ ಅವಳು ಅಷ್ಟು ಹೊತ್ತು ನಕ್ಕದ್ದನ್ನು ನಾನು ಕೇಳಿರಲಿಲ್ಲ. “ಈ ಸಲ ಬಾತು ಮಾಡಕಿಲ್ಲ ಕಣ್ಲಾ. ಅಲ್ಲಿ ಕುರ್ಚಿ ಮ್ಯಾಲೆ ನಾನೇ ಕುಂತ್ಕಂಡು ಕೊಡ್ತೀನಿ. ಇನ್ನೊಬ್ರು ಅಂದ್ರೆ ನೀನು ಬಾ. ನಿಮ್ಮ ಬಾವ ಆಚೆ ನಿಂತಿರ್ಲಿ.”

ಬಾವನಿಗೆ ತಮಟೆ ಇಲ್ಲದ್ದೇ ದೊಡ್ಡ ಸಂಕಟ. “ಸದ್ದಿಲ್ದೆ ಓಗಿ ಪೇಪರ್ ಕೊಟ್ಬರಾಕೆ ಇದೇನ್ ಕರೆಂಟ್ ಬಿಲ್ಲಾ?” ಎಂದು ಗೊಣಗಿದರು. ಆದರೂ ಬೇಡವೆನ್ನಲಿಲ್ಲ. ಪಕ್ಕದ ಮನೆಯಾಕೆ ಸೂಚಕಿಯಾಗಿ ಸಹಿ ಹಾಕಿಕೊಟ್ಟಳು.

ಶುಕ್ರವಾರ ನಾಮಪತ್ರ ಶುರು, ಮುಂದಿನ ಬುಧವಾರ ಕೊನೆ. ಗುರುವಾರ ಸಂಜೆಗೇ ಎಲ್ಲ ಕಾಗದ ಸಿದ್ಧವಾಗಿ ಅಕ್ಕನ ಮನೆಯಲ್ಲಿತ್ತು. ಅಕ್ಕ ಫೋನ್ ಮಾಡಿ “ನಾಳೀಕೇ ಓಗವಾ ಬಾ” ಎಂದಳು. ನಾನು ಸೋಮವಾರ ಅಂದೆ.

ನಮ್ಮ ಮನೆತನದ ರೂಢಿ ಅದು. ಮುಖ್ಯವಾದ ಕಾಗದ ಯಾವುದೇ ಇರಲಿ, ಬರೆದು ಮುಗಿಸಿ ಸಹಿಯ ಜಾಗ ಖಾಲಿ ಬಿಟ್ಟು ದೇವರ ಗೂಡಿನಲ್ಲಿ ಮಲೆ ಮಾದಪ್ಪನ ಪಟದ ಮುಂದೆ ಇಡುತ್ತೇವೆ. ಸೋಮವಾರ ಬೆಳಿಗ್ಗೆ ಅದಕ್ಕೆ ವಿಭೂತಿ ಮುಟ್ಟಿಸಿ ಆಮೇಲೆ ಸಹಿ. ಅಪ್ಪ ಜಮೀನು ಕ್ರಯಕ್ಕೂ ಹಾಗೆ ಮಾಡಿದ್ದರು, ನನ್ನ ಮದುವೆಯ ಲಗ್ನಪತ್ರಿಕೆಯೂ ಗೂಡಿನಲ್ಲಿ ನಾಲ್ಕು ದಿನ ಕೂತಿತ್ತು. ಊರವರಿಗೆಲ್ಲ ‘ಕೊನೇ ದಿನಕ್ಕೆ ಬಿಡಬೇಡಿ’ ಎಂದು ಬುದ್ಧಿ ಹೇಳುವ ನಾನು ಅಕ್ಕನಿಗೆ ಮಾತ್ರ, “ಇಷ್ಟು ವರ್ಷ ಕಾದಿದ್ದೀಯ, ಮೂರು ದಿನ ಕಾಯಲ್ವಾ? ಮಾದಪ್ಪನ ವಾರ ಬಿಟ್ಟು ಹೋಗೋದು ಬೇಡ” ಎಂದೆ.

“ಗಂಟ್ಲು ಯಾಕೋ ಕೆರೀತದೆ ಕಣ್ಲಾ” ಎಂದಳು. ಆ ವಾರ ಅವರು ಮೆಣಸಿನಕಾಯಿ ಪುಡಿ ಮಾಡಿಸಿದ್ದರು. ಅದರ ಘಾಟು ಇರಬೇಕು, ಬಿಸಿನೀರು ಕುಡಿ ಎಂದು ಫೋನ್ ಇಟ್ಟೆ.

ಸೋಮವಾರ ಬೆಳಿಗ್ಗೆ ಬೈಕಿನಲ್ಲಿ ಹೋದಾಗ ಅಕ್ಕ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಹಸಿರು ರೇಷ್ಮೆ ಸೀರೆ, ತಲೆತುಂಬ ಹೂವು, ಹಣೆಯಲ್ಲಿ ವಿಭೂತಿ. ಸಹಿ ಆಗಲೇ ಹಾಕಿ ಮುಗಿಸಿದ್ದಳು. ಮುಖ ಮಾತ್ರ ಕಾದ ಬಾಣಲೆಯ ಹಾಗಿತ್ತು. ಭಾನುವಾರ ಸಂಜೆಯಿಂದ ಜ್ವರ ಇದೆ ಎಂದು ಬಾವ ದೂರದಿಂದಲೇ ಹೇಳಿದರು.

“ಮಾತ್ರೆ ನುಂಗಿವ್ನಿ, ಬುಟ್ಟೋಗದೆ. ನಡಿ” ಎಂದು ಅಕ್ಕ ಎದ್ದಳು. ಎರಡು ಹೆಜ್ಜೆಗೆ ಏದುಸಿರು ಬಂತು.

ಬಾಗಿಲಲ್ಲೇ ಜ್ವರ ನೋಡಿ ವಾಪಸು ಕಳಿಸುತ್ತಾರೆ, ಮೊದಲು ಪರೀಕ್ಷೆ ಮಾಡಿಸೋಣ ಎಂದು ನಾನು ಹಟ ಹಿಡಿದೆ. ಬಾವ ಅವಳನ್ನು ಆಟೋದಲ್ಲಿ ಕರೆತಂದರು, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಅರ್ಧ ಗಂಟೆಯಲ್ಲೇ ಪಾಸಿಟಿವ್ ಎಂದರು. ಉಸಿರು ಅಳೆದು ನೋಡಿದ ನರ್ಸಮ್ಮ ಕೊಳ್ಳೇಗಾಲಕ್ಕೆ ಕಳಿಸಲು ಆಂಬುಲೆನ್ಸಿಗೆ ಫೋನ್ ಮಾಡಿದರು. ಬಾವ ಒಂದೇ ಮನೆಯಲ್ಲಿದ್ದವರು, ಅವರೂ ಹೊರಗೆ ಓಡಾಡುವಂತಿಲ್ಲ ಎಂದರು. ಸುತ್ತೋಲೆ ನನ್ನ ಜೇಬಿನಲ್ಲೇ ಇತ್ತು. ಬೈಕಿನ ಸೀಟಿನ ಮೇಲೆ ಹಾಳೆ ಇಟ್ಟುಕೊಂಡು ಅಧಿಕಾರ ಪತ್ರ ಬರೆದೆ. ಸಹಿಗೆ ಕೊಟ್ಟಾಗ ಅಕ್ಕ ಒಂದೊಂದೇ ಸಾಲು ಬೆರಳಿಟ್ಟು ಓದಿದಳು.

“‘ಅನಾರೋಗ್ಯದ ಕಾರಣ ನನ್ನ ಪರವಾಗಿ...’ ಐದ್ವರ್ಸಾನೂ ಇದೇ ಅಲ್ವೇನ್ಲಾ ಬರ್ದಿದ್ದು?”

ನಾನು ಪೆನ್ನು ಮುಂದೆ ಚಾಚಿದೆ. ಅವಳು ಸಹಿ ಹಾಕಿ ಕೊಟ್ಟಳು.

ಪಂಚಾಯ್ತಿ ಕಚೇರಿ ಕೊಳ್ಳೇಗಾಲದ ದಾರಿಯಲ್ಲೇ ಇದೆ. ನಾನು ಬೈಕಿನಲ್ಲಿ ಮುಂದೆ, ಆಂಬುಲೆನ್ಸು ಹಿಂದೆ. ಐದು ನಿಮಿಷ ನಿಲ್ಲಿಸಪ್ಪಾ ಎಂದು ಅಕ್ಕ ಡ್ರೈವರನನ್ನು ಬೇಡಿಕೊಂಡಿದ್ದಳು. ಪುಣ್ಯಾತ್ಮ, ವಾಹನ ದಾಟಬಾರದೆಂದು ಕಚೇರಿ ಮುಂದೆ ಎಳೆದಿದ್ದ ಸುಣ್ಣದ ಗೆರೆಯ ಈಚೆ ನಿಲ್ಲಿಸಿದ.

ಒಳಗೆ ಒಂದು ಉದ್ದ ಮೇಜು, ಅದರ ಹಿಂದೆ ಚುನಾವಣಾಧಿಕಾರಿ. ಎರಡು ಮಾರು ದೂರದಲ್ಲಿ ನೆಲದ ಮೇಲೆ ಸುಣ್ಣದಲ್ಲಿ ಬರೆದ ವೃತ್ತ, ಅದರೊಳಗೆ ನೀಲಿ ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯ ಬೆನ್ನಿಗೆ ‘ಅಭ್ಯರ್ಥಿ’ ಎಂದು ಚೀಟಿ ಅಂಟಿಸಿದ್ದರು. “ಕೂತ್ಕೊಳ್ಳಿ” ಎಂದರು, ಕೂತೆ. ಅವರು ಒಂದೊಂದೇ ಕಾಗದ ನೋಡಿದರು. ಒಂದು ಅಕ್ಷರವೂ ತಪ್ಪಿರಲಿಲ್ಲ. “ಯಾರು ಬರೆದದ್ದು? ಚೆನ್ನಾಗಿದೆ” ಎಂದು ಕೇಳಿದಾಗ ನಾನು, ಆ ಹೊತ್ತಿನಲ್ಲೂ, ಹಿಗ್ಗಿದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಹೊರಗೆ ಬಂದು ರಸೀದಿಯನ್ನು ಆಂಬುಲೆನ್ಸಿನ ಕಿಟಕಿಗೆ ಕಾಣುವಂತೆ ಎತ್ತಿ ಹಿಡಿದೆ. ಅಕ್ಕ ಆಮ್ಲಜನಕದ ಮುಖವಾಡವನ್ನು ಒಂದು ಕೈಯಲ್ಲಿ ಸರಿಸಿದಳು.

“ಒಳೀಕೆ ಎಂಗದೆ?”

“ಏನಿರ್ತದೆ ಅಕ್ಕ. ಒಂದು ಮೇಜು, ಒಂದು ಕುರ್ಚಿ.”

“ಕುಂತಿದ್ದಾ?”

“ಊಂ.”

“ಅಭ್ಯರ್ಥಿಗೆ ಅಂತ್ಲೇ ಆಕಿರ್ತಾರಾ ಕುರ್ಚಿಯ?”

ಚೀಟಿ ಅಂಟಿಸಿದ್ದನ್ನು ನಾನು ಹೇಳಲಿಲ್ಲ. ಗೆದ್ದ ಮೇಲೆ ಐದು ವರ್ಷ ಕೂರುವೆಯಂತೆ, ಈಗ ಮಾತಾಡಬೇಡ ಎಂದೆ. ಅವಳು ಸೆರಗನ್ನು ಮಡಿಲಿಗೆ ಎಳೆದುಕೊಂಡು, “ಸುಕ್ರವಾರ್ವೇ ಬಂದ್ಬುಡ್ಬೇಕಿತ್ತು” ಎಂದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಡ್ರೈವರ್ ಬಾಗಿಲು ಹಾಕಿದ.

ಗುರುವಾರ ಪರಿಶೀಲನೆಯಲ್ಲಿ ಅವಳ ನಾಮಪತ್ರ ಕ್ರಮಬದ್ಧ ಎಂದು ಬಂತು. ಆಸ್ಪತ್ರೆಯ ವಾರ್ಡಿಗೆ ಫೋನ್ ಮಾಡಿ ಹೇಳಿಸಿದೆ. ಅವಳಿಗೆ ಮುಟ್ಟಿತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಶನಿವಾರ ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ಅಕ್ಕ ಹೋಗಿಬಿಟ್ಟಿದ್ದಳು.

ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ಗುಂಡಿಯೊಳಗೆ ಗೂಡು ತೆಗೆದು, ಪದ್ಮಾಸನ ಹಾಕಿಸಿ, ಕೈಯಲ್ಲಿ ಲಿಂಗ ಇಟ್ಟು ಕೂರಿಸುತ್ತೇವೆ. ಅಪ್ಪನನ್ನು ಹಾಗೆಯೇ ಕೂರಿಸಿದ್ದೆವು, ಅವ್ವನನ್ನೂ. ಅಕ್ಕ ಬಂದದ್ದು ಜಿಪ್ಪು ಹಾಕಿದ ಚೀಲದಲ್ಲಿ. ಬಿಳಿ ಉಡುಪಿನ ನಾಲ್ವರು ಅದನ್ನು ಹಗ್ಗದಲ್ಲಿ ಇಳಿಸಿ ನೆಲಕ್ಕೆ ಉದ್ದಕ್ಕೆ ಮಲಗಿಸಿದರು. ಅಪ್ಪಣೆ ಪಡೆದು ಬಂದು ದೂರದಲ್ಲಿ ನಿಂತಿದ್ದ ಬಾವ, “ಒಂದ್ಗಳ್ಗೆ ಕೂರ್ಸಿ ಸಾ, ನಿಮ್ ಕಾಲಿಗ್ ಬೀಳ್ತೀನಿ, ಒಂದೇ ಒಂದ್ಗಳ್ಗೆ ಕೂರ್ಸಿ” ಎಂದು ಕೂಗಿಕೊಂಡರು. ಆ ನಾಲ್ವರಲ್ಲಿ ಒಬ್ಬ ತಿರುಗಿ ಕೈಮುಗಿದ. ಅವರೇನು ಮಾಡಿಯಾರು, ಅವರಿಗೂ ನಿಯಮ ಇತ್ತು.

ಚುನಾವಣೆಯ ಕಚೇರಿಗೆ ತಿಳಿಸಲೇಬೇಕಾಗಿತ್ತು. ಸ್ನಾನ ಮಾಡಿ, ಅದೇ ದಿನ ಮಧ್ಯಾಹ್ನ, ಒಂದು ಹಾಳೆ ತೆಗೆದುಕೊಂಡು ಕೂತೆ. ಎರಡೇ ಸಾಲಿನ ಪತ್ರ. ಅಷ್ಟು ಸಾವಿರ ಅರ್ಜಿ ಬರೆದ ಕೈ ಮೂರು ಹಾಳೆ ಕೆಡಿಸಿತು. ಮೂರರಲ್ಲೂ ‘ಪರವಾಗಿ’ ಎಂದೇ ಶುರು ಮಾಡಿದ್ದೆ. ನಾಲ್ಕನೆಯದನ್ನು ನನ್ನ ಹೆಸರಿನಲ್ಲಿ ಬರೆದೆ.

ಪಂಚಾಯ್ತಿ ಕಚೇರಿಯ ಬಾಗಿಲಲ್ಲಿ ಜ್ವರ ನೋಡಿ ಒಳಗೆ ಬಿಟ್ಟರು. ಅದೇ ಮೇಜು, ಅದೇ ಅಧಿಕಾರಿ. ಅವರು ಪತ್ರ ಓದಿ ಕನ್ನಡಕ ತೆಗೆದರು. ಕುರ್ಚಿಯ ಕಡೆ ಕೈ ತೋರಿಸಿ, “ಕೂತ್ಕೊಳ್ಳಿ” ಎಂದರು.

ವೃತ್ತದೊಳಗೆ ನೀಲಿ ಕುರ್ಚಿ ಖಾಲಿ ಇತ್ತು. ಚೀಟಿಯ ಒಂದು ಮೂಲೆ ಕಿತ್ತು ಬಂದಿತ್ತು. ಅದನ್ನು ಹೆಬ್ಬೆರಳಿನಲ್ಲಿ ಒತ್ತಿ ಮತ್ತೆ ಅಂಟಿಸಿದೆ. ಅವರು ರಸೀದಿ ಬರೆದು ಮುಗಿಸುವ ತನಕ ಕುರ್ಚಿಯ ಪಕ್ಕದಲ್ಲೇ ನಿಂತಿದ್ದೆ.